ಮುನಿಲಕ್ಷ್ಮಿಯ ಕೈ ಸೇರಿದ ನಂಬರು

ಡಿಸೆಂಬರ್ ಮೂವತ್ತೊಂದರ ಬೆಳಿಗ್ಗೆ ಕುಮಾರೇಶ್ ಇನ್ಕಮ್ ಟ್ಯಾಕ್ಸ್ ಪೋರ್ಟಲಿಗೆ ಮತ್ತೊಮ್ಮೆ ಪಾಸ್‌ವರ್ಡ್ ಒತ್ತಿದ. ಮತ್ತೊಮ್ಮೆ ಅದೇ ಕೆಂಪು ಅಕ್ಷರ ಬಂತು. ಎದುರಿನ ಬೆಂಚಿನಲ್ಲಿ ಕೂತಿದ್ದ ಅಂಜಿನಮ್ಮ ಕಂಪ್ಯೂಟರಿನ ಕಡೆ ತಿರುಗಿಯೂ ನೋಡಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು.

"ಆಗ್ಲಿಲ್ವಾ?"

"ಸರ್ವರ್ ನಿಧಾನ ಐತೆ ಅಕ್ಕ. ಕೊನೇ ದಿನ ಅಲ್ವಾ, ಎಲ್ರೂ ಒಟ್ಗೇ ಬಿದ್ದವ್ರೆ."

"ನಮ್ಮಣ್ಣಾನೂ ವರ್ಷದಿಂದ ಇದ್ನೇ ಹೇಳ್ತಾವ್ನೆ. ಬತ್ತದೆ, ಬತ್ತದೆ, ನಿಧಾನಕ್ಕೆ ಬತ್ತದೆ."

"ಸುಮ್ಕಿರಮ್ಮಿ," ಅಂದ ಪಕ್ಕದಲ್ಲಿದ್ದ ರಾಮಕೃಷ್ಣಪ್ಪ. ತಂಗಿಯ ಕಡೆ ತಿರುಗುವ ಧೈರ್ಯ ಅವನಿಗಿರಲಿಲ್ಲ.

ಶೂಲಗಿರಿ ಕಡೆ ರಸ್ತೆ ಅಗಲ ಮಾಡುವಾಗ ರಾಮಕೃಷ್ಣಪ್ಪನ ಹೆಸರಿನಲ್ಲಿದ್ದ ಹೊಲದ ಒಂದು ತುಂಡು ಹೋಗಿತ್ತು. ಪರಿಹಾರ ಕೊಡುವಾಗಲೇ ತೆರಿಗೆ ಮುರಿದುಕೊಂಡಿದ್ದರು. ಬೇಸಾಯದ ನೆಲಕ್ಕೆ ಆ ತೆರಿಗೆ ಬೀಳುವುದಿಲ್ಲ; ರಿಟರ್ನ್ ಸಲ್ಲಿಸಿದರೆ ಮುರಿದದ್ದು ವಾಪಸ್ ಬರುತ್ತದೆ. ಕೈಗೆ ಬಂದ ದುಡ್ಡನ್ನು ರಾಮಕೃಷ್ಣಪ್ಪ ಮನೆಗೆ ಹಾಕಿ, ನಾಟ್ರಾಂಪಾಳ್ಯಕ್ಕೆ ಕೊಟ್ಟಿದ್ದ ತಂಗಿಗೆ, "ಸರ್ಕಾರ ಹಿಡ್ಕೊಂಡಿರೋದು ನಿನ್ ಪಾಲು, ಅದು ಬಂದಿದ್ದೇ ನಿನ್ಗೆ" ಅಂದಿದ್ದ. ಮೊದಮೊದಲು ಅವಳು ನಂಬಿದಳು. ಆಮೇಲೆ ಸರ್ಕಾರ ಹಿಡಿದುಕೊಂಡ ದುಡ್ಡನ್ನು ಯಾವತ್ತಾದರೂ ವಾಪಸ್ ಕೊಟ್ಟಿದೆಯಾ ಅಂತ ಊರಲ್ಲಿ ಯಾರೋ ಕೇಳಿದರು. ಇವತ್ತು ಕತ್ತಲಿರುವಾಗಲೇ ಎದ್ದು, ಅಂಚೆಟ್ಟಿಯಲ್ಲಿ ಬಸ್ಸು ಬದಲಾಯಿಸಿ, ಕಣ್ಣಾರೆ ನೋಡೋಣ ಅಂತ ಹೊಸೂರಿಗೆ ಬಂದಿದ್ದಳು.

ಕುಮಾರೇಶ್ ಹೇಳಿದ್ದು ಸುಳ್ಳು. ಸರ್ವರ್ ಚೆನ್ನಾಗಿಯೇ ನಡೆಯುತ್ತಿತ್ತು.

ತೆರಿಗೆ ರಿಟರ್ನ್ ಹಾಕಿಕೊಡುವ ಆ ಆಫೀಸಿನ ಯಜಮಾನ ಉಮಾಶಂಕರ್. ಅವರಲ್ಲಿಗೆ ಬರುವವರು ಹೆಚ್ಚಿನಂಶ ಫ್ಯಾಕ್ಟರಿಯವರು. ಗೇಟಿನಲ್ಲೇ ಫೋನು ಕಿತ್ತುಕೊಂಡು ಲಾಕರಿಗೆ ಹಾಕುವುದರಿಂದ, ಶಿಫ್ಟಿನಲ್ಲಿರುವ ಗಿರಾಕಿಗೆ ಒಟಿಪಿ ಬಂದರೂ ಹೇಳುವವರಿಲ್ಲ. ಹಾಗಾಗಿ ಆಫೀಸಿನವರೇ ಸಿಮ್ಮು ತಗೊಂಡು, ಕೀಪ್ಯಾಡ್ ಫೋನುಗಳಿಗೆ ಹಾಕಿ, ಆ ನಂಬರುಗಳನ್ನೇ ಗಿರಾಕಿಗಳ ಖಾತೆಗೆ ಕೊಡುತ್ತಿದ್ದರು. ಒಂದು ನಂಬರಿಗೆ ಮೂರೇ ಖಾತೆ ಅಂತ ಪೋರ್ಟಲಿನ ನಿಯಮ. ಡ್ರಾಯರಿನ ತುಂಬ ಫೋನು. ಒಂದೊಂದರ ಬೆನ್ನಿಗೂ ಬಿಳಿ ಪಟ್ಟಿ, ಪಟ್ಟಿಯ ಮೇಲೆ ಮೂರು ಹೆಸರು. ಸೀಸನ್ನಿನಲ್ಲಿ ಆ ಡ್ರಾಯರು ಕಪ್ಪೆಗಳು ತುಂಬಿದ ಹೊಂಡದ ಹಾಗೆ ಕಿರುಚುತ್ತಿತ್ತು. ರೀಚಾರ್ಜ್ ಮಾಡುವುದು ಕುಮಾರೇಶನ ಕೆಲಸ.

ರಾಮಕೃಷ್ಣಪ್ಪನ ಫೋನನ್ನು ಅವನು ಯುಗಾದಿಯಿಂದ ರೀಚಾರ್ಜ್ ಮಾಡಿರಲಿಲ್ಲ. ಅದರ ಮೇಲಿದ್ದ ಇನ್ನಿಬ್ಬರು ಬೇರೆ ಕಡೆ ಹೋಗಿದ್ದರು. ಒಬ್ಬನಿಗೋಸ್ಕರ ಯಾಕೆ ಅಂತ ಬಿಟ್ಟಿದ್ದ. ಕಾಗದಪತ್ರಗಳನ್ನು ಜುಲೈಯಲ್ಲೇ ತಂದುಕೊಟ್ಟಿದ್ದ ರಾಮಕೃಷ್ಣಪ್ಪನಿಗೆ "ಡಿಸೆಂಬರ್‌ವರ್ಗೂ ಟೈಮ್ ಐತೆ ಅಣ್ಣ" ಅಂದು ಕಳಿಸಿದ್ದ. ಸಂಬಳದವರ ರಿಟರ್ನ್ ಟೀ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ನೆಲದ ವ್ಯವಹಾರಕ್ಕೆ ತಲೆ ಓಡಿಸಬೇಕು. ಅದಕ್ಕೇ ಹಿಂದಕ್ಕೆ ತಳ್ಳಿದ್ದ.

ಈಗ ಪಾಸ್‌ವರ್ಡ್ ತಪ್ಪು ಅನ್ನುತ್ತಿದೆ. ಹೊಸದು ಹಾಕಬೇಕಾದರೆ ಆಧಾರ್‌ಗೆ ಸೇರಿದ ಫೋನಿಗೆ ಒಟಿಪಿ ಬರುತ್ತದೆ. ಆಫರ್ ಬಂದಾಗಲೆಲ್ಲ ಸಿಮ್ಮು ಬದಲಿಸುವ ರಾಮಕೃಷ್ಣಪ್ಪನನ್ನು ತಾನೇ ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಸುಲಭ ಆಗಲಿ ಅಂತ ಆಫೀಸಿನ ನಂಬರನ್ನೇ ಅಲ್ಲಿಗೂ ಕೊಡಿಸಿದ್ದ. ಅದನ್ನು ಬದಲಿಸಲು ಇವತ್ತು ಅರ್ಜಿ ಹಾಕಿದರೂ ಆಗುವುದು ಹೊಸ ವರ್ಷದಲ್ಲಿ. ಇವತ್ತು ದಾಟಿದರೆ ರಿಟರ್ನ್ ಇಲ್ಲ. ರಿಟರ್ನ್ ಇಲ್ಲದಿದ್ದರೆ ಅಂಜಿನಮ್ಮನ ಪಾಲೂ ಇಲ್ಲ.

ಡ್ರಾಯರಿನಿಂದ ಫೋನು ತೆಗೆದು ನೋಡಿದ. ಸಿಗ್ನಲ್ ಗೆರೆಗಳ ಜಾಗದಲ್ಲಿ ಅಡ್ಡಗೆರೆ. ಹೊರಗೆ ಮೆಟ್ಟಿಲ ಹತ್ತಿರ ಹೋಗಿ ತನ್ನ ಫೋನಿನಿಂದ ಆ ನಂಬರಿಗೆ ಕರೆ ಮಾಡಿದ. ರಿಂಗಾಯಿತು. ಕೈಯಲ್ಲಿದ್ದ ಫೋನು ಸುಮ್ಮನಿತ್ತು. ರೀಚಾರ್ಜ್ ಇಲ್ಲದ ನಂಬರನ್ನು ಕಂಪನಿಯವರು ಬೇರೆ ಯಾರಿಗೋ ಕೊಟ್ಟಿದ್ದರು.

"ಯಾರು?" ಹೆಂಗಸಿನ ದನಿ. ಹಿಂದೆ ಲಾರಿ ಹಾರನ್ನು.

"ಅಕ್ಕಾ, ಈ ನಂಬರು ನಮ್ದು... ಅಂದ್ರೆ ಮುಂಚೆ ನಮ್ದಾಗಿತ್ತು. ಈಗ ನಿಮ್ಗೆ ಒಂದು ಒಟಿಪಿ..."

ಕರೆ ಕಟ್ಟಾಯಿತು. ಮತ್ತೆ ಮಾಡಿದ.

"ಏನ್ಲಾ, ಒಟಿಪಿ ಬೇಕೇನ್ಲಾ ನಿಂಗೆ? ಜೂಜುವಾಡಿ ಚೆಕ್‌ಪೋಸ್ಟ್ ತಾವ ಮುನಿಲಕ್ಷ್ಮಿ ಹೋಟ್ಲು ಎಲ್ಲೈತೆ ಅಂತ ಕೇಳ್ಕೊಂಡ್ ಬಾ. ಹತ್ ಜನ ಡ್ರೈವರ್‌ಗಳು ಕುಂತವ್ರೆ. ಕೊಡ್ಸ್ತೀನಿ."

ಲ್ಯಾಪ್‌ಟಾಪನ್ನು ಬ್ಯಾಗಿಗೆ ತುರುಕಿಕೊಂಡ. "ಇಲ್ಲಿ ನೆಟ್ ಸರಿ ಇಲ್ಲ, ಬೇರೆ ಕಡೆ ಹೋಗಿ ಮಾಡ್ಕೊಂಡ್ ಬತ್ತೀನಿ" ಅಂತ ಅಣ್ಣ ತಂಗಿಗೆ ಹೇಳಿದ. ಅಂಜಿನಮ್ಮ ಅಣ್ಣನ ಕಡೆ ತಿರುಗಿ, "ಎದ್ದ್ ಹೋಯ್ತಾವ್ನೆ ನೋಡು" ಅಂದಳು. ಬೈಕು ಹೈವೇಗೆ ಬರುವಷ್ಟರಲ್ಲಿ ಉಮಾಶಂಕರ್ ಫೋನು. ಅವರು ಗಿರಾಕಿಯೊಬ್ಬರ ವಿಚಾರಣೆಗೆ ಕೃಷ್ಣಗಿರಿಗೆ ಹೋಗಿದ್ದರು.

"ಆ ಶೂಲಗಿರಿ ಪಾರ್ಟಿದು ಮುಗೀತೇನಪ್ಪ?"

"ಮುಗೀತಾ ಐತೆ ಸಾರ್."

"ಸೀಕ್ರಂ, ಬೇಗ ಮುಗ್ಸು. ಲಾಸ್ಟ್ ಡೇಟ್ ತಪ್ಪಿಸಿದ್ರು ಅಂತ ನಮ್ಮೇಲೆ ಒಂದ್ ಮಾತು ಬರಬಾರ್ದು." ಹೋದ ವರ್ಷ ಇದೇ ಮಾತು ಹೇಳಿ ಒಬ್ಬನನ್ನು ಮನೆಗೆ ಕಳಿಸಿದ್ದರು. ಆ ಕುರ್ಚಿಯಲ್ಲೇ ಈಗ ಕುಮಾರೇಶ್ ಕೂರುತ್ತಿದ್ದ.

ಜೂಜುವಾಡಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಮುನಿಲಕ್ಷ್ಮಿಯ ಹೋಟೆಲೆಂದರೆ ತಗಡಿನ ಚಾವಣಿ, ಎರಡು ಉದ್ದ ಮೇಜು, ಮುಂದೆ ದೋಸೆ ಕಲ್ಲು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಕುಮಾರೇಶ್ ತಾನು ಯಾರು ಅಂತ ಹೇಳಿ ಮುಗಿಸುವ ಮೊದಲೇ ದೋಸೆ ಮಗುಚುವ ಸೌಟನ್ನು ಅವನ ಎದೆಯ ಮಟ್ಟಕ್ಕೆ ಎತ್ತಿದಳು.

"ನಿಜ್ವಾಗ್ಲೂ ಬಂದ್ಬುಟ್ಟ ನೋಡ್ರಪ್ಪಾ! ಈಗಿನ್ ಕಳ್ರು ಬೈಕಲ್ಲೇ ಬಂದ್ಬುಡ್ತಾರೆ."

ಇಬ್ಬರು ಡ್ರೈವರುಗಳು ನಕ್ಕರು. ಒಬ್ಬ ತಮಿಳಿನಲ್ಲಿ, ಮೊದಲು ಟಿಫಿನ್ ಕೊಟ್ಟು ಆಮೇಲೆ ಹೊಡಿ ಅಂದ.

ಕುಮಾರೇಶ್ ಐಡಿ ಕಾರ್ಡು ತೋರಿಸಿದ. ಸತ್ತ ಫೋನು ತೋರಿಸಿದ. ಅದರ ಬೆನ್ನಿನ ಪಟ್ಟಿಯಲ್ಲಿದ್ದ ಹೆಸರು ಓದಿ ಹೇಳಿದ. ಅದನ್ನು ಕೇಳಿದ್ದೇ ಅವಳು ಸೌಟು ಕೆಳಗಿಟ್ಟಳು.

"ರಾಮಕೃಷ್ಣಪ್ಪ. ಓಹೋ. ಆ ಹೆಸ್ರು ನಂಗೆ ಬಾಯಿಪಾಠ ಆಗೈತೆ. ಈ ಸಿಮ್ಮು ತಗಂಡಾಗಿಂದ ಅವ್ನ ಹೆಸ್ರಲ್ಲಿ ಇನ್ಕಮ್ ಟ್ಯಾಕ್ಸು, ಇನ್ಕಮ್ ಟ್ಯಾಕ್ಸು ಅಂತ ಮೆಸೇಜು. ನನ್ ಮಗ್ಳು ಓದಿದ್ಲು. ಗಡಿ ಆಚೆ ಟೀ ಅಂಗ್ಡಿಯೋರ್ಗೆಲ್ಲ ನೋಟೀಸ್ ಬಂತು, ಫೋನಿಂದ ದುಡ್ಡು ಹಾಕೋ ಸ್ಕ್ಯಾನರಿನ ಲೆಕ್ಕ ತಗೀತಾವ್ರೆ ಅಂತ ಸುದ್ದಿ ಬೇರೆ. ನಂಗೇ ಬಂತು ಅಂದ್ಕಂಡೆ." ಗೋಡೆಯ ಕಡೆ ಕೈ ತೋರಿಸಿದಳು. ಅಲ್ಲಿ ಅಂಟಿನ ಚೌಕಾಕಾರದ ಕಲೆಯೊಂದಿತ್ತು. "ಸ್ಕ್ಯಾನರ್ ಕಿತ್ತಾಕ್ದೆ. ಡ್ರೈವರ್‌ಗಳ ತಾವ ಕಾಸಿರಲ್ಲ. ಅರ್ಧ ಜನ ಆ ಮುಂದಿನ್ ಹೋಟ್ಲಿಗ್ ಹೋಗ್ಬುಟ್ರು. ಎಲ್ಲಾ ನಿನ್ನಿಂದ ಅನ್ನು."

ಒಂದು ರೀಚಾರ್ಜು ಉಳಿಸಿದ್ದು ಇಲ್ಲಿಯವರೆಗೂ ಬಂದಿರುತ್ತದೆ ಅಂತ ಅವನು ಎಣಿಸಿರಲಿಲ್ಲ.

"ತಪ್ಪಾಯ್ತಕ್ಕ. ಈಗ ಎರಡೇ ಎರಡು ಒಟಿಪಿ. ಅವ್ರ ಕೆಲ್ಸ ಆಗೋಯ್ತದೆ, ನಿಮ್ಗೂ ಆ ಮೆಸೇಜ್ ಬರಲ್ಲ."

"ಕೊಡಲ್ಲ."

"ಅಕ್ಕಾ..."

"ಫೋನ್ ಎತ್ತಿದ್ರೆ ಸಾಕು, ಒಟಿಪಿ ಯಾರ್ಗೂ ಕೊಡಬ್ಯಾಡಿ ಅಂತಾರೆ. ನೀನ್ ಅವ್ನ ದುಡ್ಡು ಹೊಡ್ಕಂಡ್ರೆ? ನಾಳೆ ಪೊಲೀಸ್ನೋರು ನನ್ ನಂಬರು ಹುಡ್ಕಂಡ್ ಬತ್ತಾರೆ. ಆ ರಾಮಕೃಷ್ಣಪ್ಪ ಅನ್ನೋನು ಬದ್ಕವ್ನಾ?"

"ಆಫೀಸಲ್ಲೇ ಕುಂತವ್ರೆ."

"ಕರ್ಕಂಡ್ ಬಾ. ಮುಖ ನೋಡಿ ಕೊಡ್ತೀನಿ."

ಕುಮಾರೇಶ್ ಹೊರಗೆ ಬಂದು ಲಾರಿಯ ನೆರಳಿನಲ್ಲಿ ನಿಂತ. ಕರೆಸಬೇಕಾದರೆ ನಿಜ ಹೇಳಬೇಕು. ಹೇಳಿದರೆ ರಾಮಕೃಷ್ಣಪ್ಪ ಉಮಾಶಂಕರ್‌ಗೆ ಹೇಳುತ್ತಾನೆ. ಹೇಳದಿದ್ದರೆ ಇವತ್ತು ಮುಗಿಯುತ್ತದೆ. ಇನ್ನೊಂದು ದಾರಿಯೂ ಹೊಳೆಯಿತು: ಪೋರ್ಟಲ್ ಕೆಟ್ಟಿತ್ತು ಅಂದುಬಿಡುವುದು. ಅದನ್ನು ಎಲ್ಲರೂ ನಂಬುತ್ತಾರೆ, ಉಮಾಶಂಕರ್ ಕೂಡ. ಅಂಜಿನಮ್ಮ ಒಬ್ಬಳು ನಂಬುವುದಿಲ್ಲ. ಅವಳು ಕುಮಾರೇಶನನ್ನಲ್ಲ, ಅಣ್ಣನನ್ನು ಕಳ್ಳ ಅನ್ನುತ್ತಾಳೆ. ಆ ದಾರಿಯನ್ನು ಅವನು ಸ್ವಲ್ಪ ಹೊತ್ತು ನಿಜವಾಗಿಯೂ ಯೋಚಿಸಿದ. ಆಮೇಲೆ ಫೋನು ಮಾಡಿದ.

ಬಸ್ಸು ಇಳಿದು ಇಬ್ಬರೂ ಬರುವಾಗ ಬಿಸಿಲು ಇಳಿಯುತ್ತಿತ್ತು. ರಾಮಕೃಷ್ಣಪ್ಪನ ಮುಖ ಕಪ್ಪಿಟ್ಟಿತ್ತು.

"ನನ್ ಆಧಾರ್ ಇನ್ನೊಬ್ರ ಫೋನಿಗೆ ಕಟ್ಟಾಕಿ, ಬೆಳಿಗ್ಗಿಂದ ಸರ್ವರ್ರು ಸರ್ವರ್ರು ಅಂತಿದ್ಯೇನೋ?"

"ಹೌದಣ್ಣ."

"ಆಮೇಲ್ ಬೈಯಣ್ಣ," ಅಂದಳು ಅಂಜಿನಮ್ಮ. "ಹೊತ್ತು ಮುಳುಗ್ತಾ ಐತೆ. ಮೊದ್ಲು ಮಾಡ್ಸು."

ಮುನಿಲಕ್ಷ್ಮಿ ಅವರಿಬ್ಬರನ್ನೂ ಕೂರಿಸಿ, ರಾಮಕೃಷ್ಣಪ್ಪನ ಆಧಾರ್ ಕಾರ್ಡು ಇಸಿದುಕೊಂಡು, ಫೋಟೋ ನೋಡಿ, ಮುಖ ನೋಡಿದಳು. "ಇದ್ರಾಗೆ ಕೊಲೆಗಾರನ್ ಥರ ಅವ್ನೆ. ಆದ್ರೆ ಅವ್ನೇ." ಫೋನನ್ನು ಮಾತ್ರ ಕೈಯಿಂದ ಬಿಡಲಿಲ್ಲ. ಮೇಜಿನ ಮೇಲೆ ಸಾಂಬಾರಿನ ಬಕೆಟ್ಟು ಸರಿಸಿ ಲ್ಯಾಪ್‌ಟಾಪ್ ಇಟ್ಟರು.

ಮೊದಲ ಒಟಿಪಿ ಬಂತು. ಅವಳು ಒಂದೊಂದೇ ಅಂಕಿ ಓದಿದಳು. ಕುಮಾರೇಶ್ ಒತ್ತಿದ. ಪರದೆಯ ಚಕ್ರ ತಿರುಗಿತು, ತಿರುಗಿತು, ಬಿಳಿಯಾಯಿತು. ಈ ಸಲ ನಿಜಕ್ಕೂ ಸರ್ವರ್ ನಿಂತಿತ್ತು. ಹೇಳಿದರೆ ನಂಬುವವರು ಯಾರು? ಒಟಿಪಿಗೆ ಮತ್ತೆ ಕಳಿಸಿದ. ಬರಲಿಲ್ಲ. ಒಬ್ಬ ಡ್ರೈವರ್ ಹಿಂದೆ ನಿಂತು ಕ್ರಿಕೆಟ್ ನೋಡುವವನಂತೆ ಪರದೆ ನೋಡುತ್ತಿದ್ದ. ಮತ್ತೆ ಕಳಿಸಿದ. ಬಂತು. ಹೊಸ ಪಾಸ್‌ವರ್ಡ್ ಬಿತ್ತು. ಖಾತೆ ತೆರೆಯಿತು.

ಜುಲೈಯಿಂದ ಮುಂದಕ್ಕೆ ಹಾಕುತ್ತಾ ಬಂದಿದ್ದ ಕೆಲಸವನ್ನು ಅವನು ಆ ಎಣ್ಣೆ ಜಿಡ್ಡಿನ ಮೇಜಿನ ಮೇಲೆ ಮಾಡಿದ. ಹೊಲ ಯಾವ ಕಡೆ, ಪಟ್ಟಾ ಯಾರ ಹೆಸರಲ್ಲಿತ್ತು, ಏನು ಬೆಳೆಯುತ್ತಿದ್ದಿರಿ ಅಂತ ಕೇಳಿದ. ರಾಮಕೃಷ್ಣಪ್ಪ ನಡುನಡುವೆ ಬೈಯುತ್ತಲೇ ಉತ್ತರ ಕೊಟ್ಟ. ರಾಗಿ, ಮಧ್ಯದಲ್ಲಿ ಟೊಮೇಟೊ ಅಂದ. ಟೊಮೇಟೊ ಒಂದೇ ವರ್ಷ ಅಂದಳು ಅಂಜಿನಮ್ಮ. ಕೊನೆಗೆ ವಾಪಸ್ ಬರಬೇಕಾದ ಮೊತ್ತ ಪರದೆಯ ಮೇಲೆ ಮೂಡಿತು.

"ಇದೇನಾ?" ಅಂಜಿನಮ್ಮ ಬಗ್ಗಿದಳು. ಅಂಕಿ ಓದಲು ಅವಳಿಗೆ ಬರುತ್ತಿತ್ತು. ಎರಡು ಸಲ ಓದಿದಳು.

"ಇದೇ ಅಕ್ಕ."

"ಹಂಗಾದ್ರೆ ನಿಜ್ವಾಗ್ಲೂ ಐತೆ."

"ಮತ್ತೇನಮ್ಮಿ? ನಾನ್ ಸುಳ್ ಹೇಳ್ತಿದ್ನಾ?" ಅಂದ ರಾಮಕೃಷ್ಣಪ್ಪ.

ಅಂಜಿನಮ್ಮ ಸೆರಗಿನ ಮರೆಯಿಂದ ತನ್ನ ಫೋನು ತೆಗೆದು ಪರದೆಯ ಫೋಟೋ ಹೊಡೆದಳು. "ಯಾವ್ ಬ್ಯಾಂಕಿಗ್ ಬತ್ತದೆ?"

"ಅಣ್ಣನ ಖಾತೇಗೆ. ಯಾರ ಹೆಸ್ರಲ್ಲಿ ಮುರ್ದವ್ರೋ ಅವ್ರಿಗೇ ಹಾಕೋದು."

"ನನ್ದ್ ಹಾಕಕ್ಕಾಗಲ್ವಾ?"

"ಆಗಲ್ಲಕ್ಕ."

ಅವಳು ಅಣ್ಣನ ಕಡೆ ತಿರುಗಿ ಅವನದೂ ಒಂದು ಫೋಟೋ ಹೊಡೆದಳು. ಮುನಿಲಕ್ಷ್ಮಿ ಜೋರಾಗಿ ನಕ್ಕಳು. ರಾಮಕೃಷ್ಣಪ್ಪ ನಗಲಿಲ್ಲ.

ರಿಟರ್ನ್ ಸಲ್ಲಿಸಿದ ಮೇಲೆ ಎರಡನೇ ಒಟಿಪಿ ತಡವಾಗಿ ಬಂತು. ಮುನಿಲಕ್ಷ್ಮಿ ಓದಿದಳು, ಅವನು ಒತ್ತಿದ. ಪರಿಶೀಲನೆ ಯಶಸ್ವಿ ಅನ್ನುವ ಹಸಿರು ಗುರುತು ಬಂದಾಗ ಹೊರಗೆ ಲಾರಿಗಳ ದೀಪ ಹತ್ತಿದ್ದವು. ಖಾತೆಯಲ್ಲಿದ್ದ ಹಳೇ ನಂಬರು ತೆಗೆದು ರಾಮಕೃಷ್ಣಪ್ಪನದನ್ನು ಹಾಕಿದ. "ಹೊಸ ವರ್ಷಕ್ಕೆ ಆಧಾರಿಗೂ ಇದೇ ಹಾಕ್ಸಣ್ಣ. ನಾನೇ ಬತ್ತೀನಿ."

"ನೀನ್ ಬರ್ಬೇಡ," ಅಂದ ರಾಮಕೃಷ್ಣಪ್ಪ. "ನಾನೇ ಹೋಗ್ತೀನಿ. ಉಮಾಶಂಕರಯ್ಯಂಗೂ ನಾನೇ ಹೇಳ್ತೀನಿ."

ಹೇಳುತ್ತಾನೆ ಅಂತ ಕುಮಾರೇಶನಿಗೆ ಗೊತ್ತಿತ್ತು. ತಾನೇ ಮೊದಲು ಹೇಳುವುದಾ, ಕಾಯುವುದಾ ಅನ್ನುವುದಷ್ಟೇ ಉಳಿದಿತ್ತು.

"ಯಾವಾಗ್ ಬತ್ತದೆ ದುಡ್ಡು?" ಅಂಜಿನಮ್ಮ ಕೇಳಿದಳು.

"ಹೇಳಕ್ಕಾಗಲ್ಲ ಅಕ್ಕ. ತಿಂಗಳಾಗ್ಬೋದು, ಮೂರಾಗ್ಬೋದು."

"ನಿನ್ ನಂಬರ್ ಕೊಡು. ಆಫೀಸಿನ್ದಲ್ಲ, ನಿನ್ದು. ದಿನಾ ಕೇಳ್ತೀನಿ. ನಮ್ಮೂರಾಗೆ ಸಿಗ್ನಲ್ ಸಿಗಲ್ಲ, ಬಂಡೆ ಹತ್ಬೇಕು. ಹತ್ತೇ ಕೇಳ್ತೀನಿ."

ಕೊಟ್ಟ. ಬಾಯಿಮಾತಿಗೆ ಹೇಳಿದ್ದಾಳೆ ಅಂದುಕೊಂಡ.

ಮಾರನೆಯ ಬೆಳಿಗ್ಗೆ ಉಮಾಶಂಕರ್ ಮನೆಯ ಗೇಟಿನ ಮುಂದೆ ಬೈಕು ನಿಲ್ಲಿಸಿ, ಒಳಗೆ ಹೋಗಿ ಮಾತು ಹೇಗೆ ಶುರು ಮಾಡುವುದು ಅಂತ ಅವನು ಯೋಚಿಸುತ್ತಿದ್ದಾಗ ಫೋನು ಹೊಡೆದುಕೊಂಡಿತು. ಆ ಕಡೆ ಜೋರು ಗಾಳಿ. ಗಾಳಿಯ ನಡುವೆ ಏದುಸಿರು.

"ಬಂತೇನಪ್ಪ?"

"ಇಲ್ಲಕ್ಕ. ನಿನ್ನೆ ಸಾಯಂಕಾಲ ತಾನೇ ಹಾಕಿರೋದು."

"ಸರಿ. ನಾಳೆ ಮಾಡ್ತೀನಿ."