ಮೊಟ್ಟೆ ಟ್ರೈಲರಿಗೆ ಒಂದು ಗಾಡಿ

ನನ್ನ ಗಂಡ ವರ್ಲಿನ್‌ಗೆ ಬುದ್ಧಿ ಹೇಳುವವರು ಐದು ಜನ. ಐದೂ ಜನ ಬೆಳಿಗ್ಗೆ ಆರಕ್ಕೆ ನಮ್ಮೂರ ಕಾಫಿ ಅಂಗಡಿಯಲ್ಲಿ ಸೇರಿ, ದಾಳ ಉರುಳಿಸಿ, ಸೋತವನ ತಲೆಗೆ ಎಲ್ಲರ ಕಾಫಿ ಕಟ್ಟಿ, ಲೋಕದ ಕಷ್ಟವನ್ನೆಲ್ಲ ಪರಿಹರಿಸಿ ಎಂಟಕ್ಕೆ ಎದ್ದುಹೋಗುವವರು. ಅವರಲ್ಲಿ ಒಬ್ಬನ ಹತ್ತಿರವೂ ಟ್ರೈಲರ್ ಇಲ್ಲ. ಆದರೂ ನನ್ನ ಟ್ರೈಲರನ್ನು ಯಾವ ಗಾಡಿ ಎಳೆಯಬೇಕು ಅಂತ ತೀರ್ಮಾನಿಸಿದ್ದು ಅವರೇ.

ನನ್ನ ಟ್ರೈಲರ್ ಅಂದೆ, ಹೌದು. ಕೆಲಸ ಬಿಟ್ಟ ವಾರ ನಾನೇ ಹೋಗಿ ಕೊಂಡದ್ದು. ಬಿಳಿ ಬಣ್ಣ, ಮೊಟ್ಟೆ ಆಕಾರ, ಒಳಗೊಂದು ಹಾಸಿಗೆ, ಎರಡು ಒಲೆ, ನಿಂತು ಮೊಣಕೈ ಆಡಿಸಲೂ ಜಾಗವಿಲ್ಲದ ಬಚ್ಚಲು. ಇಪ್ಪತ್ತೊಂಬತ್ತು ವರ್ಷ ಈ ಮಿನ್ನೆಸೋಟಾದ ಹಿಮದಲ್ಲಿ ಶಾಲೆಯ ಬಸ್ಸು ಓಡಿಸಿದವಳು ನಾನು. ನಲವತ್ತು ಅಡಿ ಬಸ್ಸು, ಬೆನ್ನ ಹಿಂದೆ ಅರವತ್ತು ಪಿಶಾಚಿಗಳು, ದಿನಾ ಅದೇ ಇಪ್ಪತ್ತೆರಡು ಮೈಲಿಯ ಸುತ್ತು, ಹೊರಟ ಜಾಗಕ್ಕೇ ವಾಪಸ್ಸು. ಸಾಯುವುದರೊಳಗೆ ಒಂದು ಸಲ, ಸುತ್ತಿ ವಾಪಸ್ಸು ಬರದ ರಸ್ತೆಯಲ್ಲಿ, ಸುಪೀರಿಯರ್ ಸರೋವರದ ದಡದುದ್ದಕ್ಕೂ ಕೆನಡಾ ಗಡಿಯವರೆಗೆ ಗಾಡಿ ಓಡಿಸಬೇಕು ಅಂತ ಆಸೆ. ಓಡಿಸಬೇಕು. ಪಕ್ಕದಲ್ಲಿ ಕೂತು ಹೋಗುವುದಲ್ಲ.

ಎಳೆಯಲಿಕ್ಕೆ ನನ್ನ ಹಳೇ ವ್ಯಾನು ಧಾರಾಳವಾಗಿ ಸಾಕಿತ್ತು. ಇದು ಬಾಯಿಮಾತಲ್ಲ. ಪಾತ್ರೆ, ಹಾಸಿಗೆ, ನೀರು ಎಲ್ಲ ತುಂಬಿ, ಅದೇ ವ್ಯಾನಿನಲ್ಲಿ ಎಳೆದುಕೊಂಡು ಹೋಗಿ, ಜೋಳದ ಲಾರಿ ತೂಗುವ ವೇಬ್ರಿಡ್ಜ್ ಮೇಲೆ ಟ್ರೈಲರ್ ನಿಲ್ಲಿಸಿದೆ. ಅಲ್ಲಿ ತೂಕ ನೋಡುವ ಡುವೇನ್ ಆ ಐವರಲ್ಲಿ ಒಬ್ಬ. ಮೈಕಿನಲ್ಲಿ ಊರಿಗೆಲ್ಲ ಕೇಳುವ ಹಾಗೆ ಕೂಗಿದ.

"ಎರಡು ಸಾವಿರದ ಏಳುನೂರು ಪೌಂಡು, ಆರ್ಡಿತ್! ನಿನ್ನನ್ನ ಬಿಟ್ಟೋ, ಸೇರಿಸಿಯೋ?"

ಅಂಗಳದಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ ಬಿಡಿ. ನನ್ನ ವ್ಯಾನು ಮೂರೂವರೆ ಸಾವಿರ ಎಳೆಯುತ್ತದೆ. ಮನೆಗೆ ಬಂದು ಆ ತೂಕದ ಚೀಟಿಯನ್ನು ವರ್ಲಿನ್ ತಟ್ಟೆಯ ಪಕ್ಕದಲ್ಲಿಟ್ಟೆ.

"ಇದೆಲ್ಲ ಕಾಗದದ ಲೆಕ್ಕ ಕಣೇ," ಅಂದ. "ಬೆಟ್ಟ ಹತ್ತಬೇಕಾದ್ರೆ?"

"ಮಿನ್ನೆಸೋಟಾದಲ್ಲಿ ಎಲ್ಲಿಟ್ಟಿದ್ದೀಯ ಮಹಾರಾಯ ಬೆಟ್ಟಾನ?"

"ಜೋರು ಗಾಳಿ ಬಂದ್ರೆ?"

"ನಿಲ್ಲಿಸ್ತೀನಿ. ಗಾಳಿ ಹೋದ್ಮೇಲೆ ಹೊರಡ್ತೀನಿ."

"ಡುವೇನ್ ಏನು ಹೇಳ್ತಿದ್ದ ಅಂದ್ರೆ…"

"ಹೆಂಡತಿ ಬಿಟ್ಟು ಹೋದ ದಿನಾನೂ ಡುವೇನ್ ಏನೋ ಹೇಳ್ತಾನೇ ಇದ್ದ," ಅಂದೆ.

ಮಾತು ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಎಂಥಾ ದಡ್ಡಿ ನಾನು! ಗುರುವಾರ ಚರ್ಚಿನ ಅಡುಗೆ ಕೆಲಸ ಮುಗಿಸಿ ಬರುವಷ್ಟರಲ್ಲಿ ಅಂಗಳದಲ್ಲಿ ಕಪ್ಪು ಪಿಕಪ್ ಟ್ರಕ್ಕೊಂದು ನಿಂತಿತ್ತು. ನನ್ನ ವ್ಯಾನು ಇರಲಿಲ್ಲ. ವ್ಯಾನಿನ ಕಾಗದದಲ್ಲಿ ಇಬ್ಬರ ಹೆಸರೂ ಇತ್ತು, ಒಬ್ಬರ ಸಹಿ ಸಾಕಿತ್ತು. ವರ್ಲಿನ್ ಸಹಿ ಹಾಕಿ, ವ್ಯಾನನ್ನು ಬದಲಿಗೆ ಕೊಟ್ಟು, ಈ ರಾಕ್ಷಸನನ್ನು ತಂದಿದ್ದ. ಅದರ ಮುಂದೆ ನಿಂತರೆ ಒಳಗೆ ಕೂತವನಿಗೆ ನಾನು ಕಾಣುವುದೇ ಇಲ್ಲ. ಹತ್ತಬೇಕಾದರೆ ಅಡುಗೆಮನೆಯ ಸ್ಟೂಲು ಬೇಕು. ಗರಾಜಿನೊಳಗೆ ನಾಲ್ಕು ಇಂಚು ಸಾಲದೆ ಹೊರಗೇ ನಿಂತಿದೆ. ಹದಿಮೂರು ಸಾವಿರ ಪೌಂಡು ಎಳೆಯುತ್ತದಂತೆ! ನಮ್ಮ ಚರ್ಚನ್ನು ಪಾದ್ರಿಯ ಸಮೇತ ಎಳೆದುಕೊಂಡು ಹೋಗಬಹುದು. ನನ್ನ ಟ್ರೈಲರನ್ನು ಹಿಂದೆ ಸಿಕ್ಕಿಸಿದರೆ ಎಮ್ಮೆ ಬಾಲಕ್ಕೆ ಚೊಂಬು ಕಟ್ಟಿದ ಹಾಗಿತ್ತು.

"ಕೀ ಕೊಡು," ಅಂದೆ.

"ಬೇಡ ಕಣೇ. ದೊಡ್ಡ ಗಾಡಿ. ನಿಂಗೆ ಅಭ್ಯಾಸ ಇಲ್ಲ."

ಯಾರಿಗೆ? ನಂಗೆ! ಮೈಯೆಲ್ಲ ಉರಿದುಹೋಯಿತು. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ, ಅದನ್ನೂ ಹೇಳಿಬಿಡುತ್ತೇನೆ. ವ್ಯಾನು ಹೋಯಿತು ಅಂತಲ್ಲ. ಗಾಡಿ ಯಾವುದು ಅಂತ ಆರಿಸುವ ನೆಪದಲ್ಲಿ ಓಡಿಸುವವರು ಯಾರು ಅಂತ ಆರಿಸಿಬಿಟ್ಟಿದ್ದ, ಅದಕ್ಕೆ.

ಜೂನ್‌ನಲ್ಲಿ ಹೊರಟೆವು. ಉತ್ತರಕ್ಕೆ ಹೋಗುವ ಆ ರಸ್ತೆಯಲ್ಲಿ ಸರೋವರ ಉದ್ದಕ್ಕೂ ಬಲಗಡೆಗೇ, ಸ್ಟೀರಿಂಗ್ ಇಲ್ಲದೆ ನಾನು ಕೂತ ಕಡೆಗೇ ಇತ್ತು. ನೀಲಿಯಾಗಿ ಹೊಳೆಯುತ್ತಿತ್ತು. ಆ ಕಡೆ ತಿರುಗಿ ನೋಡಲೂ ಮನಸ್ಸು ಬರಲಿಲ್ಲ. ನನ್ನ ಬಲಗಾಲು ಇಲ್ಲದ ಬ್ರೇಕು ಒತ್ತುತ್ತಾ ಇತ್ತು.

ಸಂಜೆ ನಾಲ್ಕಕ್ಕೆ ಮೊದಲ ಕ್ಯಾಂಪು ಸೇರಿದೆವು. ಕ್ಯಾಂಪಿನಲ್ಲಿ ನಾಲ್ಕು ಗಂಟೆಗೆ ಏನಾಗುತ್ತದೆ ಅಂತ ಅಲ್ಲಿಗೆ ಹೋದವರಿಗೆಲ್ಲ ಗೊತ್ತು. ಮಡಚುವ ಕುರ್ಚಿಗಳು ಹೊರಗೆ ಬರುತ್ತವೆ, ಬಿಯರ್ ಡಬ್ಬಿ ತೆರೆಯುತ್ತವೆ, ಹೊಸದಾಗಿ ಬಂದವರು ಗಾಡಿ ರಿವರ್ಸ್ ಮಾಡಿ ತಮ್ಮ ಜಾಗಕ್ಕೆ ಟ್ರೈಲರನ್ನು ಹಿಂದಕ್ಕೆ ತಳ್ಳುವುದನ್ನು ನೋಡಲಿಕ್ಕೆ ಎಲ್ಲರೂ ಸಾಲಾಗಿ ಕೂರುತ್ತಾರೆ. ಎಷ್ಟೋ ಮದುವೆಗಳು ಅಲ್ಲಿ ಬಿರುಕು ಬಿಟ್ಟಿವೆ. ಅದರಲ್ಲೂ ಗಿಡ್ಡ ಟ್ರೈಲರ್ ಭಾರಿ ಹಠಮಾರಿ. ಸ್ಟೀರಿಂಗ್ ಒಂದಿಷ್ಟು ಆಡಿಸಿದರೂ ಸರಕ್ಕನೆ ಅಡ್ಡ ತಿರುಗಿ ನಿಲ್ಲುತ್ತದೆ.

ವರ್ಲಿನ್ ಆರು ಸಲ ಪ್ರಯತ್ನಪಟ್ಟ. ಒಂದು ಸಲ ಪೊದೆಗೆ, ಒಂದು ಸಲ ನಲ್ಲಿಯ ಕಂಬಕ್ಕೆ, ಇನ್ನೊಂದು ಸಲ ಪಕ್ಕದವರ ಮೇಜಿನ ತನಕ. "ಎಡಕ್ಕೆ! ಎಡಕ್ಕೆ! ಅಯ್ಯೋ, ನಿಮ್ಮ ಇನ್ನೊಂದು ಎಡಕ್ಕೆ!" ಅಂತ ಕುರ್ಚಿಗಳಿಂದ ಕೂಗು. ಅವನ ಕಿವಿ ಟೊಮೆಟೊ ಹಾಗಾಯಿತು. ಕೊನೆಗೆ ಕಿಟಕಿಯಿಂದ ಪಿಸುಗುಟ್ಟಿದ.

"ಆರ್ಡಿತ್, ನೀನು ಸ್ವಲ್ಪ… ನಾನು ಟೈರು ನೋಡ್ತೀನಿ."

ಸ್ಟೂಲು ಹಾಕಿಕೊಂಡು ಹತ್ತಿದೆ. ಎರಡು ಕನ್ನಡಿ ನೋಡಿದೆ. ಒಂದೇ ಸಲಕ್ಕೆ ಹಾಕಿದೆ. ಚಪ್ಪಾಳೆ ಬಿತ್ತು, ಒಬ್ಬ ಸಿಳ್ಳೆಯೂ ಹೊಡೆದ. ಪಕ್ಕದ ಜಾಗದ ಮುದುಕನೊಬ್ಬ ಎದ್ದು ಬಂದ. ನನ್ನ ಕೈ ಕುಲುಕಲಿಕ್ಕೆ ಅಂದುಕೊಂಡು ಕೈ ಒರೆಸಿಕೊಂಡೆ. ಅವನು ನನ್ನನ್ನು ದಾಟಿ ಹೋಗಿ ವರ್ಲಿನ್ ಕೈ ಕುಲುಕಿದ.

"ಒಳ್ಳೇ ಟ್ರಕ್ಕು ಆರಿಸಿದ್ದೀಯ ಕಣಯ್ಯಾ. ಹಿಂದೆ ನೋಡೋ ಕ್ಯಾಮೆರಾ ಇರೋದಲ್ವಾ?"

ನಾನು ವರ್ಲಿನ್ ಮುಖ ನೋಡಿದೆ. ಬಸ್ಸಿನ ಬಾಗಿಲು ತೆರೆದಿಟ್ಟು, ತಡವಾಗಿ ಓಡಿಬರುವ ಮಗುವಿಗೆ ಕಾಯುವಷ್ಟು ಹೊತ್ತು ಕಾದೆ.

"ಹೂಂ," ಅಂದ ನನ್ನ ಗಂಡ. "ಆ ಕ್ಯಾಮೆರಾ ಇದ್ರೆ ಯಾರು ಬೇಕಾದ್ರೂ ಹಾಕಬಹುದು."

ಆಮೇಲೆ ಕೀಗೆ ಕೈ ಚಾಚಿದ. ಕೊಟ್ಟೆ. ಮಾಂಸ, ಆಲೂಗಡ್ಡೆಯ ಹಾಟ್‌ಡಿಶ್ ಬಿಸಿ ಮಾಡಿ ಬಡಿಸಿದೆ. ಎರಡು ಸಲ ಹಾಕಿಸಿಕೊಂಡು ತಿಂದ, ಪುಣ್ಯಾತ್ಮ.

ಮಾರನೇ ದಿನ ಎರಡನೇ ಕ್ಯಾಂಪು. ಮತ್ತೆ ನಾಲ್ಕು ಗಂಟೆ, ಮತ್ತೆ ಕುರ್ಚಿಗಳ ಸಾಲು. ವರ್ಲಿನ್ ಟ್ರಕ್ಕು ನಿಲ್ಲಿಸಿ ನನ್ನ ಕಡೆ ನೋಡಿದ. ನಾನು ಇಳಿದೆ. ಹಿಂದಿನಿಂದ ನನ್ನ ಮಡಚುವ ಕುರ್ಚಿ ತೆಗೆದೆ. ಹೋಗಿ ಆ ಸಾಲಿನಲ್ಲೇ ಬಿಡಿಸಿಕೊಂಡು ಕೂತೆ. ಪಕ್ಕದಲ್ಲಿದ್ದ ಹೆಂಗಸು ಬಿಸ್ಕತ್ತಿನ ಡಬ್ಬಿ ಚಾಚಿದಳು.

"ನಿಮ್ಮವರಾ?"

"ನಮ್ಮವರೇ. ಕ್ಯಾಮೆರಾ ಇದೆ ನೋಡಿ, ಯಾರು ಬೇಕಾದ್ರೂ ಹಾಕಬಹುದಂತೆ."

ಹನ್ನೊಂದು ಸಲ. ನಾನು ಎಣಿಸಿದೆ. ಪೈನ್ ಮರವೊಂದರ ತೊಗಟೆ ಎದ್ದಿತು. ಹಿಂದೆ ಮೂರು ಗಾಡಿಗಳು ಕಾಯುತ್ತಾ ನಿಂತವು. ಕೊನೆಗೆ ಇಳಿದು ಬಂದು ನನ್ನ ಕಿವಿಯ ಹತ್ತಿರ ಬಗ್ಗಿದ.

"ಬಾ ಆರ್ಡಿತ್."

"ಯಾಕೆ?"

"ನಿಂಗೆ ಗೊತ್ತಲ್ಲ."

"ನಂಗೆ ಗೊತ್ತು. ಇವರಿಗೆ ಗೊತ್ತಿಲ್ಲ."

ಆ ಕುರ್ಚಿಗಳನ್ನೆಲ್ಲ ಒಂದು ಸಲ ನೋಡಿದ. "ನಂಗೆ ಬರಲ್ಲ," ಅಂದ. "ಇವಳಿಗೆ ಬರುತ್ತೆ. ನಿನ್ನೆ ಹಾಕಿದ್ದೂ ಇವಳೇ."

"ಹಿಂದಿನ ಸೀಟಿನವರಿಗೆ ಕೇಳಿಸಲಿಲ್ಲ," ಅಂದೆ. ಬಸ್ಸಿನಲ್ಲಿ ಪಿಶಾಚಿಗಳಿಗೆ ಹೇಳುತ್ತಿದ್ದ ಅದೇ ದನಿಯಲ್ಲಿ.

ಜೋರಾಗಿ ಹೇಳಿದ. ಸರೋವರದ ಆಚೆಗೂ ಕೇಳಿಸಿರಬೇಕು. ಬಿಸ್ಕತ್ತಿನ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದಳು.

ಕೀ ಇಸಕೊಂಡೆ. "ಕುರ್ಚಿ ಖಾಲಿ ಇದೆ, ಕೂತ್ಕೋ," ಅಂತ ಹೇಳಿ ಹೋಗಿ ಒಂದೇ ಸಲಕ್ಕೆ ಹಾಕಿದೆ. ಕೀ ವಾಪಸ್ಸು ಕೊಡಲಿಲ್ಲ. ಅವನೂ ಕೇಳಲಿಲ್ಲ.

ಬೆಳಿಗ್ಗೆ ಸ್ಟೂಲು ಹತ್ತಿ ಸ್ಟೀರಿಂಗ್ ಮುಂದೆ ಕೂತೆ. ಅವನು ಆ ಕಡೆಯ ಬಾಗಿಲು ತೆಗೆದು ಹತ್ತಿದ.

"ಡುವೇನ್ ಏನು ಹೇಳ್ತಿದ್ದ ಅಂದ್ರೆ…" ಅಂತ ಶುರುಮಾಡಿದ.

"ಬೆಲ್ಟ್ ಹಾಕ್ಕೋ," ಅಂದೆ. "ಅಂದ ಹಾಗೆ, ಈ ಟ್ರಕ್ಕಿನ ಕಾಗದದಲ್ಲೂ ನಮ್ಮಿಬ್ಬರ ಹೆಸರೇ ಇರೋದು, ಅಲ್ವಾ?"

"ಹೂಂ."

"ಒಬ್ಬರ ಸಹಿ ಸಾಕು, ಅಲ್ವಾ?"

ಸರೋವರ ಈಗ ಅವನ ಕಡೆಗಿತ್ತು. ಗಡಿ ಬರುವವರೆಗೂ ಅದನ್ನೇ ನೋಡುತ್ತಾ ಕೂತ.