ಬೆನ್ನು ಕಾಣುವ ಚಿತ್ರಗಳು

"ಚಿತ್ರ ನೋಡಾಕೆ ಬರದಿದ್ರೆ ಯಾಕ್ ಬರೀತೀರಿ ಮೇಷ್ಟ್ರೇ? ನಿಮ್ ಪೆನ್ನಿಗೆ ಬೆಂಕಿ ಬೀಳ!"

ಕಾಟಯ್ಯ ವಾರಪತ್ರಿಕೆಯನ್ನು ಜಮಾಲ್ ಸಾಬರ ಬೈಂಡಿಂಗ್ ಮೇಜಿನ ಮೇಲೆ ಬಡಿದ. ಅಂಟಿನ ಡಬ್ಬಿ ಉರುಳಿತು.

"ನಾಲಿಗೆ ಬಿಗಿ ಹಿಡಿ ಲೇ," ಶಿವಕುಮಾರಪ್ಪ ಮೇಷ್ಟ್ರು ಸ್ಟೂಲಿನಿಂದ ಎದ್ದರು. "ತೆಗಳಿ ಬರೆದಾಗ ಬೈಸ್ಕಂಡಿದೀನಿ. ಹೊಗಳಿ ಬೈಸ್ಕಳಾದು ಇದೇ ಮೊದಲು."

ಮೇಷ್ಟ್ರು ಐಮಂಗಲದ ಶಾಲೆಯವರು. ಪ್ರತಿ ಶನಿವಾರ ಶಾಲೆ ಬಿಟ್ಟ ಕೂಡಲೇ ಹಿರಿಯೂರಿಗೆ ಬಂದು, ಜಮಾಲ್ ಸಾಬರ ಅಂಗಡಿಯಲ್ಲಿ ದಾರಕ್ಕೆ ನೇತುಹಾಕಿದ ಚಿತ್ರಕಥೆ ಪುಸ್ತಕಗಳನ್ನು ಓದುತ್ತಿದ್ದರು. ಓದಿದ್ದಕ್ಕೆ ಜಿಲ್ಲೆಯ ವಾರಪತ್ರಿಕೆಯಲ್ಲಿ ವಿಮರ್ಶೆ ಬರೆಯುತ್ತಿದ್ದರು. ಮಕ್ಕಳ ಪುಸ್ತಕಕ್ಕೆಲ್ಲ ಎಂಥ ವಿಮರ್ಶೆ ಎಂದು ಜೊತೆಯ ಮೇಷ್ಟ್ರುಗಳು ನಗುತ್ತಿದ್ದರು. ಇವರು ಬಿಟ್ಟವರಲ್ಲ. ಕುದುರೆಯ ಮಂಡಿಯನ್ನು ಹಿಂದುಮುಂದಾಗಿ ಬರೆದ ಚಿತ್ರಕಾರನನ್ನು ಹೆಸರು ಹಿಡಿದು ಬೈದವರು. ಹೋದ ವಾರ ಮಾತ್ರ ಒಂದು ಪುಸ್ತಕವನ್ನು ಬಾಯಿ ತುಂಬ ಹೊಗಳಿದ್ದರು. ಅದು ಅಚ್ಚಾದ ಪುಸ್ತಕವಲ್ಲ. ಅಂಗಡಿಗಳ ಬೋರ್ಡು ಬರೆಯುವ ಕಾಟಯ್ಯ ತನ್ನ ಮನೆಯ ಕಥೆಯನ್ನೇ ಡ್ರಾಯಿಂಗ್ ಹಾಳೆಗಳಲ್ಲಿ ಬರೆದು, ಜಮಾಲ್ ಸಾಬರ ಕೈಲಿ ಹೊಲಿಸಿದ್ದು. ಅದರಲ್ಲಿ ಅಕ್ಷರ ಒಂದೂ ಇರಲಿಲ್ಲ.

"ನೀವು ಬರೆದದ್ದ ನೀವೇ ಓದ್ರಿ."

ಮೇಷ್ಟ್ರು ಪಾಠ ಓದುವ ದನಿಯಲ್ಲಿ ಓದಿದರು. "ಒಬ್ಬ ಹುಡುಗಿ ಬಯಲಿನಾಚೆಯಿಂದ ಮನೆಗೆ ಬರುತ್ತಾಳೆ. ಮೊದಲ ಪುಟದಲ್ಲಿ ಸಾಸಿವೆಯಷ್ಟಿದ್ದವಳು ಪುಟ ತಿರುವಿದಂತೆ ಹತ್ತಿರವಾಗುತ್ತಾಳೆ. ಆದರೆ ಬರುವುದು ಹಿಂದುಹಿಂದಕ್ಕೆ ನಡೆದು. ನಮಗೆ ಕಾಣುವುದು ಬೆನ್ನು ಮಾತ್ರ. ಕೊನೆಯ ಪುಟದಲ್ಲಿ ತಾಯಿಯ ಪಕ್ಕ ಕೂತು ಮುದ್ದೆ ಮುರಿಯುವಾಗಷ್ಟೇ ಮುಖ ತೋರುತ್ತಾಳೆ... ಇದರಾಗೆ ತಪ್ಪೇನೈತೆ?"

"ಅವಳು ಬರಾದಲ್ಲ, ಹೋಗಾದು!" ಕಾಟಯ್ಯ ಕಂಕುಳಿಂದ ಪುಸ್ತಕ ತೆಗೆದು ಮುಂದೆ ಹಿಡಿದ. "ಮುದ್ದೆ ತಿನ್ನಾದು ಮೊದ್ಲು. ಆಮೇಲೆ ಎದ್ದು ಹೋಗ್ತಾಳೆ."

ಜಮಾಲ್ ಸಾಬರು ಪುಸ್ತಕ ತೆಗೆದುಕೊಂಡರು. ಬಲಗಡೆಯ ಹೊಲಿಗೆಯ ಮೇಲೆ ಬೆರಳಾಡಿಸಿ, ಹಣೆ ಒತ್ತಿಕೊಂಡರು.

"ತಪ್ಪು ನಂದು. ಅವತ್ತು ಮದರಸಾದ ಕಿತಾಬು ಹೊಲೀತಾ ಇದ್ದೆ. ಅವು ಬಲಗಡೆಯಿಂದ ಶುರು. ಇದರ ಹಾಳೆಗೆ ನಂಬರಿಲ್ಲ, ಅಕ್ಷರ ಇಲ್ಲ. ಅದೇ ಕೈಲಿ ಇದನ್ನೂ ಹೊಲಿದೆ. ನೀವು ಕನ್ನಡ ಪುಸ್ತಕ ಅಂತ ತೆಗೆದ್ರಿ, ಕೊನೆಯಿಂದ ಓದಿದ್ರಿ."

ಮೇಷ್ಟ್ರು ಕೂತರು. ಕಾಟಯ್ಯನ ಸಿಟ್ಟೂ ಇಳಿಯಿತು. ಉಳಿದದ್ದನ್ನು ನೆಲ ನೋಡುತ್ತ ಹೇಳಿದ. ಅವನ ತಂಗಿ ಚಿತ್ತಮ್ಮ ಅರವತ್ತನಾಲ್ಕನೇ ಇಸವಿಯಲ್ಲಿ, ಹದಿನೈದರ ವಯಸ್ಸಿಗೆ, ತಪ್ಪಿಸಿಕೊಂಡ ಕುರಿಯೊಂದನ್ನು ಹುಡುಕಿ ಹೊರಟವಳು. ಹೋಗುವವಳ ಬೆನ್ನನ್ನು ಅವನು ಕುರಿರೊಪ್ಪದ ಬಾಗಿಲಲ್ಲಿ ನಿಂತು ನೋಡಿದ್ದ. ಹನ್ನೊಂದು ವರ್ಷವಾಯಿತು, ತಿರುಗಿ ಬಂದಿಲ್ಲ. ಅವ್ವ ಅಳಲಿಲ್ಲ, ಮಗಳ ಹೆಸರನ್ನೂ ಎತ್ತಲಿಲ್ಲ.

"ಒಂದ್ಸಲ ನೋಡಿ ಅತ್ತು ಹಗುರಾಗ್ಲಿ ಅಂತ ಬರ್ದೆ ಮೇಷ್ಟ್ರೇ. ಪಕ್ಕದ ಮನೆ ಜಯಕ್ಕ ಪೇಪರ್ ಓದಿ ಹೇಳವಳೆ. ಈಗ ಅವ್ವ ರೊಪ್ಪದ ಮುಳ್ಳುಬಾಗಿಲು ಮುಚ್ಚಾಕೆ ಬಿಡ್ತಿಲ್ಲ. ಚಿತ್ತಿ ಹಿಂದುಹಿಂದಕ್ಕೆ ಬರ್ತಾಳೆ, ಬೆನ್ನಿಗೆ ಕಣ್ಣಿರಲ್ಲ, ಮುಳ್ಳು ತಗಲ್ತದೆ ಅಂತಾಳೆ. ಮೊನ್ನೆ ತೋಳ ಎರಡು ಮರಿ ಒಯ್ತು. ನನ್ ಮಾತು ನಂಬಲ್ಲ. ಅಚ್ಚಾಗಿರಾದೇ ಅವಳಿಗೆ ನಿಜ. ನೀವೇ ಬಂದು ಹೇಳ್ರಿ."

"ನಡಿ, ಹೋಗಾಣ," ಎಂದರು ಮೇಷ್ಟ್ರು.

ಯಲ್ಲದಕೆರೆಯಲ್ಲಿ ಬಸ್ಸಿಳಿದು ಹಟ್ಟಿ ಸೇರುವಾಗ ಬಿಸಿಲು ವಾಲಿತ್ತು. ಕುರಿಗಳಿನ್ನೂ ಬಯಲಲ್ಲಿದ್ದವು. ಕಾಟಯ್ಯನ ಅವ್ವ ಓಬಮ್ಮ ತೆರೆದ ಮುಳ್ಳುಬಾಗಿಲ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು.

"ನಮ್ ಚಿತ್ತಿ ಬರಾದ್ನ ಬರೆದ ಮೇಷ್ಟ್ರಾ? ಕುಂತ್ಕಳ್ರಿ. ಅಲ್ಲಿ ತುಳೀಬ್ಯಾಡ್ರಿ."

ನುಣ್ಣನೆಯ ಧೂಳಿನಲ್ಲಿ ಬರಿಗಾಲಿನ ಹೆಜ್ಜೆಗಳ ಒಂದೇ ಸಾಲಿತ್ತು. ಬಾಗಿಲಿನಿಂದ ಗುಡಿಸಲ ಹೊಸಿಲವರೆಗೆ. ಬೆರಳುಗಳೆಲ್ಲ ಹೊರಗಡೆಗೆ.

"ಹೊರಗೆ ಹೋಗಿರಾದು ನೀನೇ ಅಲ್ವೇನವ್ವ," ಎಂದ ಕಾಟಯ್ಯ.

ಓಬಮ್ಮ ಎದ್ದು ಒಂದು ಹೆಜ್ಜೆಯ ಪಕ್ಕ ತನ್ನ ಪಾದ ಊರಿ ತೆಗೆದಳು. ಅವಳದು ಅಗಲ, ಬಿರುಕು ಬಿಟ್ಟದ್ದು. ಧೂಳಿನಲ್ಲಿದ್ದದ್ದು ಕಿರಿದು, ನಯ. ಹದಿನೈದರ ಹುಡುಗಿಯದಿರಬಹುದು. ಮೇಷ್ಟ್ರು ಪಕ್ಕದ ಜಯಕ್ಕನ ಮನೆಯತ್ತ ನೋಡಿದರು. ಬಾಗಿಲಿಗೆ ಚಿಲಕ ಹಾಕಿತ್ತು.

"ಜಯಕ್ಕ ತವರಿಗೆ ಹೋಗಿ ಎರಡು ದಿನ ಆತು. ಇವತ್ತು ಬರ್ತಾಳೆ," ಎಂದಳು ಓಬಮ್ಮ, ಕೇಳದೆಯೇ.

ಮೇಷ್ಟ್ರು ಕಾಟಯ್ಯನ ಕೈಯಿಂದ ಪುಸ್ತಕ ತೆಗೆದುಕೊಂಡರು. "ಓಬಮ್ಮ, ನಾನು ತಪ್ಪು ಓದಿದೆ. ತಪ್ಪು ಬರೆದೆ. ಇದು ಬರಾ ಕಥೆಯಲ್ಲ." ಜನ್ಮದಲ್ಲಿ ಯಾರಿಗೂ ಹೇಳದ ಮಾತು ಅದು. ಪುಸ್ತಕವನ್ನು ಬಲಗಡೆಯಿಂದ ತೆರೆದು ಒಂದೊಂದೇ ಹಾಳೆ ತಿರುವಿದರು. ಮುದ್ದೆ. ಏಳುವ ಹುಡುಗಿ. ಬಾಗಿಲು. ಬೆನ್ನು. ಇನ್ನೂ ಸಣ್ಣ ಬೆನ್ನು. ಕೊನೆಯ ಹಾಳೆಯಲ್ಲಿ ಬಯಲು ಮತ್ತು ಸಾಸಿವೆಯಷ್ಟು ಮಸಿ.

ಓಬಮ್ಮ ಆ ಚುಕ್ಕಿಯ ಮೇಲೆ ಬೆರಳಿಟ್ಟಳು.

"ಇಲ್ಲಿಗೆ ಮುಗೀತಾ?"

"ಮುಗೀತು."

"ಹಂಗಾರೆ ಇನ್ನೂ ಅಲ್ಲೇ ಅವಳೆ." ಅವಳು ಅಳಲಿಲ್ಲ. "ಮಜ್ಜಿಗೆ ಐತೆ, ಕುಡೀತಿರ್ರಿ. ನೋಡ್ಕಂಡ್ ಬತ್ತೀನಿ."

ಸೆರಗು ಸೊಂಟಕ್ಕೆ ಸಿಕ್ಕಿಸಿ, ಗರ್ಭಗುಡಿಯ ಮುಂದಿಂದ ಸರಿಯುವವರಂತೆ, ಇವರ ಕಡೆ ಮುಖ ಮಾಡಿಕೊಂಡೇ ಹಿಂದಕ್ಕೆ ನಡೆದು ಮುಳ್ಳುಬಾಗಿಲು ದಾಟಿದಳು. ಮುಳ್ಳು ತಗಲಲಿಲ್ಲ.

"ಅವ್ವಾ, ಎಡವಿ ಬೀಳ್ತೀಯ! ಏನಾಟ ಇದು?" ಕಾಟಯ್ಯ ಕೂಗಿದ. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಸಿಟ್ಟು ಬಂದೈತೆ. ನಾಕು ಹೆಜ್ಜೆ ಹೋಗಿ ವಾಪಸ್ ಬರ್ತಾಳೆ ಬಿಡ್ರಿ," ಎಂದ.

ಅವಳು ಬಯಲಿನಲ್ಲಿ ಹಿಂದುಹಿಂದಕ್ಕೆ ಹೋಗುತ್ತಲೇ ಇದ್ದಳು. ಒಮ್ಮೆಯೂ ತಿರುಗಲಿಲ್ಲ. ಸಣ್ಣದಾದಷ್ಟೂ, ಅವಳು ಹೋಗುತ್ತಿದ್ದಾಳೋ ಬರುತ್ತಿದ್ದಾಳೋ ಮೇಷ್ಟ್ರಿಗೆ ತಿಳಿಯದಾಯಿತು. ಬರುತ್ತಿದ್ದಾಳೆ ಎಂದೇ ಇಬ್ಬರೂ ಕೂತಿದ್ದರು. ಸಾಸಿವೆಯಷ್ಟಾದಾಗ ಕಾಟಯ್ಯ ಎದ್ದು ಓಡಿದ.

ಬಯಲಿನಲ್ಲಿ ಮರೆಯಾಗಲು ಒಂದು ಪೊದೆಯೂ ಇರಲಿಲ್ಲ. ಆದರೂ ಓಬಮ್ಮ ಸಿಗಲಿಲ್ಲ. ಆ ದಿನ ಸಿಗಲಿಲ್ಲ, ಆಮೇಲೆ ಹಟ್ಟಿಯವರೆಲ್ಲ ಹುಡುಕಿದ ದಿನಗಳಲ್ಲೂ ಸಿಗಲಿಲ್ಲ.

ಓಬಮ್ಮ ಹೋದ ಆ ಸಂಜೆಯೇ ತವರಿನಿಂದ ಬಂದ ಜಯಕ್ಕ, ಗಂಟು ಇಳಿಸದೆ ಮುಳ್ಳುಬಾಗಿಲಲ್ಲಿ ಬಗ್ಗಿ ನೋಡಿದಳು.

"ಓಬತ್ತೆ ಎಲ್ಲಿಂದಲೋ ಈಗ್ತಾನೆ ಬಂದಂಗೈತಲ್ಲ ಕಾಟಣ್ಣ. ಹೆಜ್ಜೆ ಒಳಗಡೆಗೇ ಅವೆ."

ಬಯಲಿನಿಂದ ಕುರಿಗಳು ಧೂಳೆಬ್ಬಿಸುತ್ತ ಬಂದವು. ಕಾಟಯ್ಯ ಎರಡೂ ಕೈ ಚಾಚಿ, ಹೆಜ್ಜೆಗಳನ್ನು ಬೆನ್ನ ಹಿಂದಿಟ್ಟುಕೊಂಡು ರೊಪ್ಪದ ಬಾಗಿಲಿಗೆ ಅಡ್ಡ ನಿಂತ. ಮಂದೆ ಅವನ ಮೊಣಕಾಲಿಗೆ ಒತ್ತಿ ಅರಚುತ್ತಿತ್ತು. ಅವನು ಒಂದನ್ನೂ ಒಳಗೆ ಬಿಡಲಿಲ್ಲ.