ಇನ್ನೂರ ಹನ್ನೆರಡು ಸಹಿ, ಒಂದು ಬೆಂಬಲ

2000ನೇ ಇಸವಿ ಏಪ್ರಿಲ್ ನಾಲ್ಕು, ಮಂಗಳವಾರ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಫ್ಯಾಕ್ಸ್ ಯಂತ್ರದಿಂದ ಶಾಸನಸಭೆಯ ಶಿಕ್ಷಣ ಸಮಿತಿಯ ವರದಿಯ ಆರು ಹಾಳೆಗಳು ಹೊರಬಂದವು. ಕೊನೆಯ ಹಾಳೆಯಲ್ಲಿ ಮಸೂದೆಯನ್ನು ಬೆಂಬಲಿಸಿದವರ ಪಟ್ಟಿ ಇತ್ತು: ಬೇಲ್ಯಾಂಡ್ಸ್ ಯೂನಿಫೈಡ್ ಶಾಲಾ ಡಿಸ್ಟ್ರಿಕ್ಟ್, ಒಬ್ಬ ನಾಗರಿಕ. ವಿರೋಧಿಸಿದವರ ಪಟ್ಟಿಯಲ್ಲಿ ಹನ್ನೊಂದು ಸಂಸ್ಥೆಗಳಿದ್ದವು.

ನಿರುಪಮಾ ಆ ಹಾಳೆಯನ್ನು ಎರಡು ಸಲ ಓದಿದಳು. ಅವಳಿಗೆ ಗೊತ್ತಿದ್ದಂತೆ ಬೆಂಬಲಕ್ಕೆ ಸಹಿ ಹಾಕಿದ್ದವರು ಇನ್ನೂರ ಹನ್ನೆರಡು ಮಂದಿ.

ಅವಳು ಯೂನಿಯನ್ ಸಿಟಿಯ ಪಕ್ಕದ ಆ ಡಿಸ್ಟ್ರಿಕ್ಟಿಗೆ ಸರ್ಕಾರಿ ಸಂಪರ್ಕಾಧಿಕಾರಿ. ಸ್ಯಾಕ್ರಮೆಂಟೊದ ಶಾಸನಸಭೆಗೆ ಬರುವ ಮಸೂದೆಗಳಲ್ಲಿ ಶಾಲೆಗಳಿಗೆ ಸಂಬಂಧಪಟ್ಟವನ್ನು ಓದಬೇಕು, ಯಾವುದರಿಂದ ಏನಾದೀತು ಎಂದು ಶಾಲಾ ಮಂಡಳಿಗೆ ತಿಳಿಸಬೇಕು, ಮಂಡಳಿ ತಳೆದ ನಿಲುವನ್ನು ಶಾಸಕರ ಮುಂದೆ ಹೋಗಿ ಹೇಳಬೇಕು. ಜೆರಾಕ್ಸ್ ಕೋಣೆಯ ಪಕ್ಕದ ಅವಳ ಆಫೀಸಿನಲ್ಲಿ ಅವಳೊಬ್ಬಳೇ. ಆ ವರ್ಷ ಅವಳ ಮೇಜಿನ ಮೇಲೆ ಅರವತ್ತಮೂರು ಮಸೂದೆಗಳಿದ್ದವು. ಡಿಸ್ಟ್ರಿಕ್ಟೇ ಮುಂದೆ ನಿಂತು ಬರೆಸಿದ್ದು ಇದೊಂದನ್ನೇ.

ಬರೆಸಲು ಕಾರಣ ಸಿದ್ದರಾಜು. ಮಂಡ್ಯದ ಹೈಸ್ಕೂಲಿನಲ್ಲಿ ಹದಿನಾರು ವರ್ಷ ಭೌತಶಾಸ್ತ್ರ ಕಲಿಸಿ, ಹೆಂಡತಿ ಲಾಸ್ಯಾಳಿಗೆ ಫಾಸ್ಟರ್ ಸಿಟಿಯ ಬಯೋಟೆಕ್ ಕಂಪನಿಯಲ್ಲಿ ಕೆಲಸ ಸಿಕ್ಕಾಗ ಇಲ್ಲಿಗೆ ಬಂದಿದ್ದರು. ಬೇಲ್ಯಾಂಡ್ಸ್ ಹೈಸ್ಕೂಲಿನಲ್ಲಿ ಭೌತಶಾಸ್ತ್ರಕ್ಕೆ ಯಾರೂ ಇರಲಿಲ್ಲ. ಆ ವಿಷಯ ಓದಿದವರೆಲ್ಲ ಆಗ ಇಂಟರ್ನೆಟ್ ಕಂಪನಿಗಳತ್ತ ನಡೆದಿದ್ದರು. ಸಿದ್ದರಾಜುವನ್ನು, ಇಲ್ಲಿಯ ಶಿಕ್ಷಕ ಪರವಾನಗಿ ಇಲ್ಲದವರಿಗೆ ಕೊಡುವ ತುರ್ತು ಅನುಮತಿಯ ಮೇಲೆ ತೆಗೆದುಕೊಂಡರು. ಆ ಅನುಮತಿ ಜೂನ್ ಮೂವತ್ತಕ್ಕೆ ಮುಗಿಯುತ್ತಿತ್ತು. ಮತ್ತೆ ಪಾಠ ಮಾಡಬೇಕಾದರೆ ಅವರು ಒಂದು ಸೆಮಿಸ್ಟರ್ ಬೇರೊಬ್ಬ ಶಿಕ್ಷಕರ ಕೈಕೆಳಗೆ ತರಬೇತಿ ಶಿಕ್ಷಕರಾಗಿ ದುಡಿಯಬೇಕಿತ್ತು. ಅಷ್ಟು ದಿನ ಅವರ ಐದು ತರಗತಿಗಳಿಗೆ ಮೇಷ್ಟ್ರಿಲ್ಲ. ಹೊರದೇಶದಲ್ಲಿ ಐದು ವರ್ಷ ಪಾಠ ಮಾಡಿದವರಿಗೆ ಆ ತರಬೇತಿಯಿಂದ ವಿನಾಯಿತಿ ಕೊಡಬೇಕು ಎನ್ನುವುದೇ ಮಸೂದೆ. ಗವರ್ನರರ ಸಹಿ ಬಿದ್ದ ದಿನದಿಂದಲೇ ಜಾರಿಗೆ ಬರುವಂತೆ ಅದನ್ನು ಬರೆಯಲಾಗಿತ್ತು.

ನಿರುಪಮಾ ಸಮಿತಿಯ ಕಚೇರಿಗೆ ಫೋನ್ ಮಾಡಿದಳು. ಅಲ್ಲಿಯ ಸಿಬ್ಬಂದಿ ಸೌಜನ್ಯದಿಂದಲೇ ವಿವರಿಸಿದರು: ಬಂದಿದ್ದು ಒಂದು ಲಕೋಟೆ, ಅದರಲ್ಲಿ ಒಂದು ಪತ್ರ, ಪತ್ರದ ಕೆಳಗೆ ಒಬ್ಬರ ಸಹಿ. ಜೊತೆಗಿದ್ದ ಒಂಬತ್ತು ಹಾಳೆಗಳನ್ನು ಲಗತ್ತು ಎಂದು ಫೈಲಿಗೆ ಹಾಕಿದೆ. ಪತ್ರ ಕಳಿಸುವ ಗಡುವು ಹಿಂದಿನ ಬುಧವಾರವೇ ಮುಗಿದಿದೆ.

ಪತ್ರಕ್ಕೆ ಸಹಿ ಹಾಕಿದ್ದವನು ವೈಕುಂಠ. ಈಗ ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿದ್ದ ಅವನು ಮೊದಲು ಒಂಬತ್ತು ವರ್ಷ ಉಡುಪಿಯ ತಾಲ್ಲೂಕು ಕಚೇರಿಯಲ್ಲಿದ್ದವನು. ಅವನ ಮಗಳು ಸುರಕ್ಷಾ ಸಿದ್ದರಾಜುವಿನ ವಿದ್ಯಾರ್ಥಿನಿ. ಪಾಲಕರು ಪತ್ರ ಬರೆಯಬೇಕು ಎಂದು ನಿರುಪಮಾ ಹೇಳಿದ್ದೇ ತಡ, ಅವನು ಮನವಿ ಪತ್ರ ಸಿದ್ಧಪಡಿಸಿದ್ದ. ಸರ್ಕಾರಕ್ಕೆ ಇನ್ನೂರು ಲಕೋಟೆ ಕಳಿಸಿ ತೊಂದರೆ ಕೊಡುವುದು ಸರಿಯಲ್ಲವೆಂದು ಕನ್ನಡ ಸಂಘದ ಊಟದ ದಿನ ಹಾಳೆಗಳನ್ನು ಸಾಲಾಗಿ ಹರಡಿ ಎಲ್ಲರಿಂದ ಸಹಿ ಹಾಕಿಸಿದ್ದ. ನಿರುಪಮಾ ಅಲ್ಲೇ ಇದ್ದಳು. ಸಮಿತಿ ಹೇಗೆ ಎಣಿಸುತ್ತದೆ ಎಂದು ಹನ್ನೆರಡು ವರ್ಷಗಳಿಂದ ಬಲ್ಲ ಅವಳಿಗೂ, ಹಾಸನದಲ್ಲಿ ಬೆಳೆದವಳಾದ್ದರಿಂದಲೋ ಏನೋ, ತುಂಬಿದ ಸಹಿಗಳನ್ನು ಕಂಡು ಸಂತೋಷವಾಗಿತ್ತೇ ಹೊರತು ಪ್ರಶ್ನೆ ಹುಟ್ಟಿರಲಿಲ್ಲ.

“ಎಂತ ಮಾರಾಯ್ತಿ, ಇನ್ನೂರು ಜನ ಸಹಿ ಹಾಕಿದ್ದು ಒಂದೇ ಅಂತೆಯಾ?” ಎಂದ ವೈಕುಂಠ ಫೋನಿನಲ್ಲಿ. “ನಮ್ಮಲ್ಲಿ ಇಷ್ಟು ಸಹಿ ಕಂಡ್ರೆ ತಹಸೀಲ್ದಾರ್ರು ಕುರ್ಚಿ ಬಿಟ್ಟು ಏಳ್ತಿದ್ರು.”

“ಇಲ್ಲಿ ಏಳಲ್ಲ ವೈಕುಂಠ್. ಎಣಿಸ್ತಾರೆ.”

ಉಳಿದಿದ್ದು ಒಂದೇ ದಾರಿ. ವಿಚಾರಣೆ ಮರುದಿನ ಮಧ್ಯಾಹ್ನ ಒಂದೂವರೆಗೆ. ಪ್ರತಿ ಪಕ್ಷಕ್ಕೆ ಇಬ್ಬರು ಸಾಕ್ಷಿಗಳು, ತಲಾ ಎರಡು ನಿಮಿಷ. ಆಮೇಲೆ ಯಾರು ಬೇಕಾದರೂ ಮೈಕಿನ ಮುಂದೆ ಸಾಲಿನಲ್ಲಿ ಬಂದು ಹೆಸರು, ಊರು, ನಿಲುವು ಹೇಳಬಹುದು. ಹಾಗೆ ಹೇಳಿದ ಒಬ್ಬೊಬ್ಬರೂ ಒಂದೊಂದು ಲೆಕ್ಕ. ಸಮಿತಿಯಲ್ಲಿ ಹದಿನೇಳು ಸದಸ್ಯರು. ಬೇಕಾದದ್ದು ಒಂಬತ್ತು ಮತ. ನಿರುಪಮಾಳಿಗೆ ಖಚಿತವಾಗಿದ್ದವು ಆರು.

ಅವಳು ವೈಕುಂಠನ ಹೆಂಡತಿ ಸೌದಾಮಿನಿಗೆ ಸಹಿ ಹಾಕಿದವರ ಪಟ್ಟಿ ಓದಿ ಹೇಳಿದಳು. ಸೌದಾಮಿನಿ ಐದು ಮನೆಗೆ ಫೋನ್ ಮಾಡಿದಳು, ಆ ಐವರು ಐದೈದು ಮನೆಗೆ. ಎಂಟು ಗಂಟೆಯ ಹೊತ್ತಿಗೆ ಬರುವವರು ಹನ್ನೊಂದು, ಒಂಬತ್ತಕ್ಕೆ ಇಪ್ಪತ್ತೇಳು. ಬೆಳಿಗ್ಗೆ ಎಂಟೂವರೆಗೆ ಯೂನಿಯನ್ ಸಿಟಿ ಸ್ಟೇಷನ್ನಿನ ಪಾರ್ಕಿಂಗಿನಲ್ಲಿ ಎಣಿಸಿದಾಗ ಏಳು ವ್ಯಾನುಗಳಿಗೆ ಮೂವತ್ತೊಂಬತ್ತು ಜನ. ಸ್ಟಾರ್ಟಪ್ಪಿನಲ್ಲಿ ಕೆಲಸ ಮಾಡುವ ಲೋಹಿತ್ ಜ್ವರ ಎಂದು ಹೇಳಿ ಬಂದಿದ್ದ. ಹಿಂದಿನ ದಿನ ನ್ಯಾಸ್ಡಾಕ್ ಷೇರುಪೇಟೆ ಕುಸಿದು ಅರ್ಧ ದಿನದಲ್ಲೇ ಮೇಲೆದ್ದಿತ್ತು.

“ಮಾರ್ಕೆಟ್ಟು ಬಿದ್ದ ಮಾರನೇ ದಿನ ಜ್ವರ ಬಂದ್ರೆ ಯಾರಿಗೂ ಡೌಟು ಬರಲ್ಲ,” ಎಂದು ಅವನು ಸ್ಟೀರಿಂಗ್ ಹಿಡಿದ.

680ನೇ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋಗಿ, ಬೆನಿಷಿಯಾ ಸೇತುವೆ ದಾಟಿ, ಹತ್ತು ಐವತ್ತಕ್ಕೆ ಎಲ್ಲರೂ ಶಾಸನಸಭೆಯ ಉದ್ಯಾನದಲ್ಲಿದ್ದರು. ನಿರುಪಮಾ ಮರದ ಕೆಳಗೆ ಅವರನ್ನು ಸಾಲಾಗಿ ನಿಲ್ಲಿಸಿ ಕೈಗಡಿಯಾರ ಹಿಡಿದಳು. ಒಬ್ಬರಿಗೆ ಆರು ಸೆಕೆಂಡು. ಕಾರಣ ಹೇಳುವಂತಿಲ್ಲ, ವಂದನೆ ಸಲ್ಲಿಸುವಂತಿಲ್ಲ. ಉದ್ದ ಮಾಡಿದರೆ ಸಮಿತಿಯ ಅಧ್ಯಕ್ಷೆ ಸಾಲನ್ನೇ ನಿಲ್ಲಿಸಬಹುದು. ಮೊದಲ ಸುತ್ತಿನಲ್ಲಿ ಇಂಜಿನಿಯರುಗಳೆಲ್ಲ ಕಾರಣ ಹೇಳಿದರು. ವೈಕುಂಠ ನಾಲ್ಕು ಸಲವೂ “ಆದರಣೀಯ ಅಧ್ಯಕ್ಷರಿಗೆ” ಎಂದೇ ಶುರು ಮಾಡಿದ. ಹೆಂಡತಿ ಅವನನ್ನು ಸಾಲಿನ ಕೊನೆಗೆ ಕಳಿಸಿದಳು.

ಸರಿಯಾಗಿ ಆರು ಸೆಕೆಂಡಿಗೆ ಮುಗಿಸಿದವರು ಗುರುಬಸವ್ವ. ಗದಗದ ಕಡೆಯವರು, ಮೊಮ್ಮಗನ ಮನೆಗೆ ಆರು ತಿಂಗಳಿಗೆಂದು ಬಂದವರು. ಅವರಿಗೆ ಇಂಗ್ಲಿಷಿನ ಮೂರು ಶಬ್ದ ಕಲಿಸಿದ್ದರ ಫಲ ಇದೆಂದು ಎಲ್ಲರೂ ತಿಳಿದಿದ್ದರು. ಆದರೆ ಸಭೆಯೆಂದರೆ ಏನೆಂದು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ.

“ನಾ ಐದ ವರ್ಷ ಪಂಚಾಯ್ತಿ ಮೆಂಬರ್ ಇದ್ದೆನವ್ವಾ,” ಎಂದರು ನಿರುಪಮಾಳಿಗೆ. “ಹೆಚ್ಚ ಮಾತಾಡಿದಾಂವ ಠರಾವು ಕೆಡಿಸ್ತಾನ.”

ಪಟ್ಟಿಯಲ್ಲಿ ಒಂಬತ್ತನೆಯದಾಗಿದ್ದ ಮಸೂದೆ ಮೂರು ಗಂಟೆ ಐದಕ್ಕೆ ಬಂತು. ಮಂಡಿಸಿದ ಸದಸ್ಯೆ ಚುಟುಕಾಗಿ ವಿವರಿಸಿದರು. ಸಿದ್ದರಾಜು ಬರೆದು ತಂದಿದ್ದನ್ನು ಒಂದು ನಿಮಿಷ ಐವತ್ತು ಸೆಕೆಂಡಿನಲ್ಲಿ ಓದಿದರು. ನಿರುಪಮಾ ಡಿಸ್ಟ್ರಿಕ್ಟಿನ ಪರವಾಗಿ ಮಾತಾಡಿದಳು. ಆಮೇಲೆ ಸಾಲು ಚಲಿಸತೊಡಗಿತು. ಹೆಸರು, ಊರು, ಬೆಂಬಲ. ಹೆಸರು, ಊರು, ಬೆಂಬಲ. ಹತ್ತನೆಯವರ ಹೊತ್ತಿಗೆ ಸದಸ್ಯರು ಕಾಗದಗಳಿಂದ ತಲೆಯೆತ್ತಿದರು. ಇಪ್ಪತ್ತನೆಯವರ ಹೊತ್ತಿಗೆ ಒಬ್ಬ ಸದಸ್ಯ ಕುರ್ಚಿಯಿಂದ ಬಾಗಿ ಸಾಲು ಎಲ್ಲಿ ಮುಗಿಯುತ್ತದೆಂದು ನೋಡಿದ. ಅದು ಬಾಗಿಲಾಚೆ ಹೋಗಿತ್ತು. ಗುರುಬಸವ್ವ ಮೈಕನ್ನು ತಮ್ಮ ಎತ್ತರಕ್ಕೆ ತಗ್ಗಿಸಿಕೊಂಡು, ಹೇಳಬೇಕಾದ್ದನ್ನು ಹೇಳಿ, ಅದನ್ನು ಮುಂದಿನವರಿಗೆ ಮೊದಲಿನ ಎತ್ತರಕ್ಕೆ ಏರಿಸಿ ಹೋದರು. ಕೊನೆಯವನಾಗಿ ಬಂದ ವೈಕುಂಠ ಹೆಸರು ಹೇಳಿ, ಬಾಯಿ ತೆರೆದು, ಸೌದಾಮಿನಿಯ ಕಡೆ ನೋಡಿ, “ಯೂನಿಯನ್ ಸಿಟಿ, ಸಪೋರ್ಟ್” ಎಂದಷ್ಟೇ ಹೇಳಿ ಇಳಿದ.

ವಿರೋಧಿಗಳ ವಾದವೂ ಹುರುಳಿಲ್ಲದ್ದಲ್ಲ: ಹೊರದೇಶದ ಸೇವಾ ಪ್ರಮಾಣಪತ್ರ ನಿಜವೋ ಅಲ್ಲವೋ ಇಲ್ಲಿ ಕೂತು ತಿಳಿಯುವುದು ಹೇಗೆ?

ಮೂರು ಮುಕ್ಕಾಲಿಗೆ ಮತ ಕರೆದರು. ಪರ ಎಂಟು, ವಿರುದ್ಧ ಆರು, ಮೂವರು ಕೋಣೆಯಲ್ಲಿಲ್ಲ. ಕಡಿಮೆ ಬಿದ್ದದ್ದು ಒಂದು ಮತ.

ಇಂಥಲ್ಲಿ ಅಧ್ಯಕ್ಷೆ ಮಸೂದೆಯನ್ನು ಬಿದ್ದಿತೆಂದು ಸಾರುವುದಿಲ್ಲ. ಸಭೆ ಮುಗಿಯುವ ತನಕ ಮತ ತೆರೆದಿಡುತ್ತಾರೆ. ಬೇರೆ ಸಮಿತಿಗಳಿಗೆ ಹೋದವರು ಬಂದು ಮತ ಸೇರಿಸಬಹುದು. ಬರದಿದ್ದರೆ ಮಸೂದೆ ಅಲ್ಲಿಗೆ ನಿಂತಿತು. ಪಟ್ಟಿಯಲ್ಲಿ ಇನ್ನು ಐದು ಮಸೂದೆಗಳಿದ್ದವು. ಸುಮಾರು ಒಂದು ತಾಸು. ಇಲ್ಲದ ಮೂವರಲ್ಲಿ ಇಬ್ಬರು ವಿರೋಧಿಗಳೆಂದು ನಿರುಪಮಾಳಿಗೆ ಗೊತ್ತಿತ್ತು. ಮೂರನೆಯವನು ಫಾಸ್ಟರ್ ಸಿಟಿ ಕಡೆಯ ಸದಸ್ಯ, ಇನ್ನೂ ನಿಲುವು ಹೇಳದವನು. ನಾಲ್ಕನೇ ಮಹಡಿಯ ಇನ್ನೊಂದು ಸಮಿತಿಯಲ್ಲಿ ತನ್ನ ಮಸೂದೆ ಮಂಡಿಸಲು ಕಾಯುತ್ತಿದ್ದ.

ಅವಳು ಸಿದ್ದರಾಜುವನ್ನು ಕರೆದುಕೊಂಡು ಮೆಟ್ಟಿಲು ಹತ್ತಿದಳು. ಬಾಗಿಲಲ್ಲಿದ್ದ ಸದಸ್ಯನ ಸಹಾಯಕಿ, ಅವರ ಕ್ಷೇತ್ರದವರು ಯಾರಾದರೂ ಇದ್ದಾರೆಯೇ ಎಂದು ಮೊದಲು ಕೇಳಿದಳು. ಸಿದ್ದರಾಜುವಿನ ಮನೆ ಯೂನಿಯನ್ ಸಿಟಿಯಲ್ಲಿ. ಇಲ್ಲ ಎಂದರೆ ಮಾತು ಮುಗಿಯುತ್ತಿತ್ತು.

ಆಗ ಸಿದ್ದರಾಜುವಿಗೆ ನಿಶ್ಮಿತಾ ನೆನಪಾದಳು. ಮಂಗಳೂರಿನವಳು, ಲಾಸ್ಯಾಳ ಸಹೋದ್ಯೋಗಿ. ಮಕ್ಕಳಿಲ್ಲ, ಶಾಲೆಯ ಸಂಬಂಧವಿಲ್ಲ. ಗೆಳತಿ ಕರೆದಳೆಂದು ಬಂದಿದ್ದಳು. ಸಾಲಿನಲ್ಲಿ ಮೂವತ್ತೊಂದನೆಯವಳಾಗಿ ಅವಳು ಹೇಳಿದ ಊರು ಫಾಸ್ಟರ್ ಸಿಟಿ. ಸಿದ್ದರಾಜು ಎರಡೆರಡು ಮೆಟ್ಟಿಲು ಇಳಿದು ಓಡಿದರು. ಕ್ಯಾಂಟೀನಿನಲ್ಲಿದ್ದ ನಿಶ್ಮಿತಾ ಕಾಫಿಯ ಲೋಟ ಹಿಡಿದೇ ಹತ್ತಿ ಬಂದಳು. ಸಹಾಯಕಿ ಬೀದಿಯ ಹೆಸರು ಕೇಳಿದಳು. ನಿಶ್ಮಿತಾ ಬೀದಿಯನ್ನೂ ಅದರ ಹಿಂದಿನ ಲಗೂನ್ ಕೊಳವನ್ನೂ ಹೇಳಿದಳು. ಸಹಾಯಕಿ ಒಳಗೆ ಹೋದಳು.

ನಾಲ್ಕು ಇಪ್ಪತ್ತೆಂಟಕ್ಕೆ ಸದಸ್ಯ ಹೊರಬಂದ. ನಿಶ್ಮಿತಾ ತಾನು ಯಾರೆಂದು ಹೇಳಿ ಸಿದ್ದರಾಜುವನ್ನು ತೋರಿಸಿದಳು. ಸದಸ್ಯ ನೇರವಾಗಿ ವಿರೋಧಿಗಳ ಪ್ರಶ್ನೆಯನ್ನೇ ಕೇಳಿದ: ಒಂಬತ್ತು ಸಾವಿರ ಮೈಲಿ ದೂರದ ಶಾಲೆಯ ಕಾಗದವನ್ನು ತಾನು ಹೇಗೆ ನಂಬಬೇಕು? ನಿರುಪಮಾಳ ಬಳಿ ಪ್ರಮಾಣಪತ್ರ ಪರಿಶೀಲಿಸುವ ಸಂಸ್ಥೆಗಳ ಬಗ್ಗೆ ಒಂದು ಪುಟದ ಉತ್ತರವಿತ್ತು. ಅವಳು ಫೈಲು ತೆರೆಯುವ ಮೊದಲೇ ಸಿದ್ದರಾಜು ಇಂಗ್ಲಿಷಿನಲ್ಲಿ ಉತ್ತರಿಸಿಬಿಟ್ಟಿದ್ದರು.

“ಕಾಗದ ನಂಬಬೇಡಿ ಸರ್. ಯಾರನ್ನಾದರೂ ನನ್ನ ಕ್ಲಾಸಿಗೆ ಕಳಿಸಿ. ಯಾವತ್ತು ಅಂತ ನನಗೆ ಹೇಳಬೇಡಿ.”

ಸದಸ್ಯ, ಅದನ್ನು ಮಸೂದೆಯಲ್ಲಿ ಬರೆಯುತ್ತೀರಾ ಎಂದ.

ಅದು ಮಂಡಳಿ ಒಪ್ಪಿದ ನಿಲುವಿನಲ್ಲಿ ಇರಲಿಲ್ಲ. ತಾನೇ ಹೂಂ ಎನ್ನುವ ಅಧಿಕಾರ ನಿರುಪಮಾಳಿಗಿರಲಿಲ್ಲ. ಒಂದು ನಿಮಿಷ ಕೊಡಿ ಎಂದು ಕೇಳಿ ಸಿದ್ದರಾಜುವನ್ನು ಗೋಡೆಯ ಕಡೆ ಕರೆದಳು.

“ಇದು ನಿಮಗೊಬ್ಬರಿಗಲ್ಲ. ನಿಮ್ಮ ಹಿಂದೆ ಬರೋ ಪ್ರತಿಯೊಬ್ಬರಿಗೂ ರೂಲ್ ಆಗುತ್ತೆ. ಮೊದಲು ನಿಮ್ಮ ಮೇಲೇ ಬರುತ್ತೆ. ಅವರು ಸರಿಯಿಲ್ಲ ಅಂತ ಬರೆದ್ರೆ ಕೆಲಸ ಹೋಗುತ್ತೆ.”

“ಗೊತ್ತು ಬುಡಿ ಮೇಡಂ. ಹದಿನಾರು ವರ್ಷ ಇನ್ಸ್‌ಪೆಕ್ಟ್ರು ಹಿಂದಿನ ಬೆಂಚಲ್ಲಿ ಕೂತವ್ರೆ. ಹೇಳಿ ಬಂದವ್ರು ಒಬ್ರೂ ಇಲ್ಲ. ಬರ್ಲಿ.”

ಅವಳು ಡಿಸ್ಟ್ರಿಕ್ಟಿನ ಮುಖ್ಯಸ್ಥರಾದ ಸೂಪರಿಂಟೆಂಡೆಂಟರಿಗೆ ಸೆಲ್ ಫೋನಿನಲ್ಲಿ ಕರೆ ಮಾಡಿದಳು. ಮೊದಲ ಸಲ ಗೋಡೆ ದಪ್ಪವಾಗಿದ್ದರಿಂದ ಕಡಿದುಹೋಯಿತು. ಎರಡನೆಯ ಸಲ ಕಿಟಕಿಗೆ ಒರಗಿ ನಿಂತು ಮೂರು ವಾಕ್ಯಗಳಲ್ಲಿ ವಿಷಯ ಹೇಳಿದಳು. ಅವರು ಒಂದೇ ಪ್ರಶ್ನೆ ಕೇಳಿದರು: ಸಿದ್ದರಾಜು ಒಪ್ಪಿದ್ದಾರೆಯೇ? ಅವರದೇ ಸಲಹೆ ಎಂದಳು. ಹಾಗಾದರೆ ಮಂಡಳಿಗೆ ತಾನು ಉತ್ತರ ಹೇಳಿಕೊಳ್ಳುತ್ತೇನೆ, ಮುಂದುವರಿಯಿರಿ ಎಂದರು. ನಾಲ್ಕು ನಲವತ್ತೊಂದಾಗಿತ್ತು.

ಅವಳು ಕೆಳಗೆ ಓಡಿದಳು. ಶಿಕ್ಷಣ ಸಮಿತಿ ಕೊನೆಯ ಮಸೂದೆಯಲ್ಲಿತ್ತು. ಮಂಡಿಸಿದ ಸದಸ್ಯೆ ವಿಷಯ ಕೇಳಿ, ಮುಂದಿನ ಸಮಿತಿಯಲ್ಲಿ ಈ ತಿದ್ದುಪಡಿ ಸೇರಿಸುವುದಾಗಿ ಚೀಟಿಯಲ್ಲಿ ಬರೆದು ಸಹಿ ಹಾಕಿದರು. ಚೀಟಿಯನ್ನು ನಾಲ್ಕನೇ ಮಹಡಿಗೆ ಒಯ್ದವನು ಲೋಹಿತ್. ಅವನಷ್ಟು ಬೇಗ ಓಡುವವರು ಬೇರೆ ಇರಲಿಲ್ಲ. ಕೆಳಗೆ ಮೂವತ್ತೈದು ಜನ ಎದ್ದು ನಿಂತು ಬಾಗಿಲನ್ನೇ ನೋಡುತ್ತಿದ್ದರು. ಕೂತುಕೊಳ್ಳಿ ಎಂದು ಕಾವಲಿನವನು ಎರಡು ಸಲ ಹೇಳಿದ. ಗುರುಬಸವ್ವ ಒಬ್ಬರೇ ಕೂತಿದ್ದರು.

ನಾಲ್ಕು ಐವತ್ತಮೂರಕ್ಕೆ ಅಧ್ಯಕ್ಷೆ ತೆರೆದಿಟ್ಟ ಮತಗಳನ್ನು ಒಂದೊಂದಾಗಿ ಕರೆಯಲು ಶುರು ಮಾಡಿದರು. ಮೊದಲನೆಯ ಮಸೂದೆ, ನಾಲ್ಕನೆಯದು, ಏಳನೆಯದು. ಒಂಬತ್ತನೆಯದನ್ನು ಕರೆಯುವಾಗ ಬಾಗಿಲು ತೆರೆಯಿತು. ಫಾಸ್ಟರ್ ಸಿಟಿಯ ಸದಸ್ಯ ತನ್ನ ಕುರ್ಚಿಯ ತನಕವೂ ಹೋಗಲಿಲ್ಲ. ನಡುದಾರಿಯಲ್ಲೇ ನಿಂತು, ತನ್ನ ಹೆಸರು ಕೇಳಿದಾಗ “ಆಯ್” ಎಂದು ಪರವಾಗಿ ಮತ ಹಾಕಿದ. ಕಾರ್ಯದರ್ಶಿ ಓದಿದರು: ಒಂಬತ್ತು, ಆರು.

ಕೋಣೆಯಲ್ಲಿ ಚಪ್ಪಾಳೆ ತಟ್ಟುವಂತಿರಲಿಲ್ಲ. ಮೂವತ್ತೊಂಬತ್ತು ಜನವೂ ಹೊರಗಿನ ಮೊಗಸಾಲೆಗೆ ಬಂದ ಮೇಲೆಯೇ ತಟ್ಟಿದರು. ಲಾಸ್ಯಾ ನಿಶ್ಮಿತಾಳನ್ನು ಅಪ್ಪಿಕೊಂಡಳು. ವೈಕುಂಠ ತಾನು ಬೆಳಿಗ್ಗೆಯಿಂದ ನುಂಗಿಕೊಂಡಿದ್ದ ವಂದನೆಯನ್ನು ಅಲ್ಲಿ ಪೂರ್ತಿ ಹೇಳಿ ಮುಗಿಸಿದ.

ಜೂನ್ ಇಪ್ಪತ್ತೇಳರಂದು, ಸಿದ್ದರಾಜುವಿನ ಅನುಮತಿ ಮುಗಿಯಲು ಮೂರು ದಿನ ಇರುವಾಗ, ಮಸೂದೆಗೆ ಸಹಿ ಬಿತ್ತು. ಅಕ್ಟೋಬರ್ ಹನ್ನೊಂದು, ಬುಧವಾರ, ಎರಡನೆಯ ಪೀರಿಯಡ್ಡಿಗೆ ರಾಜ್ಯ ಕಚೇರಿಯ ಅಧಿಕಾರಿಯೊಬ್ಬರು ಹೇಳದೆ ಬಂದು, ಸಿದ್ದರಾಜು ಪಾಠ ಮಾಡುವ ಹದಿನಾಲ್ಕನೇ ಕೊಠಡಿಯ ಹಿಂದಿನ ಸಾಲಿನಲ್ಲಿ ಐವತ್ತು ನಿಮಿಷ ಕೂತು, ಫಾರಂನಲ್ಲಿ ‘ತೃಪ್ತಿಕರ’ ಎಂದು ತುಂಬಿ ಸಹಿ ಹಾಕಿ ಹೋದರು.